ಹೊಸ ದೋಣಿಗೆ ಒಂಬತ್ತು ವಾರದ ಕೆಲಸವೇನು?

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಗೆ ಬರುವವರಲ್ಲಿ ಈ ಪ್ರಶ್ನೆಯನ್ನು ನನ್ನನ್ನು ಕೇಳದವರು ಈಗ ಬಹುಶಃ ಯಾರೂ ಉಳಿದಿಲ್ಲ. ಅಮೆರಿಕದಲ್ಲಿ ನೆಲೆಸಿರುವ ನನ್ನ ಅಕ್ಕ ಮತ್ತು ಭಾವ ನಿವೃತ್ತಿಯ ನಂತರ ಟ್ರಾಲರ್ ಯಾಟ್ ಎಂಬ, ನಲವತ್ತು ಅಡಿಯ ಹೊಸ ವಿಹಾರದ ದೋಣಿಯೊಂದನ್ನು ಕೊಂಡರು. ಇಪ್ಪತ್ತೆಂಟು ವರ್ಷ ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದು, ಈಗ ಸರಸ್ವತೀಪುರದಲ್ಲಿ ಆರಾಮವಾಗಿದ್ದ ನನ್ನನ್ನು, ಅದನ್ನು ವಶಕ್ಕೆ ಪಡೆದು ಸಜ್ಜುಗೊಳಿಸುವ ಕೆಲಸಕ್ಕೆಂದು ಸಿಯಾಟಲ್‌ಗೆ ಕರೆಸಿಕೊಂಡರು. ಎರಡು ವಾರ ಎಂದು ಹೇಳಿ ಹೋದವನು ಒಂಬತ್ತು ವಾರ ಕಳೆದು ಬಂದೆ. ಅಂದಿನಿಂದ ಇದೇ ವಿಚಾರಣೆ: "ಹೊಸದು ತಾನೇ ಸಾರ್? ಹೊಸ ಕಾರಿನ ಹಾಗೆ ಕೀಲಿ ಕೊಟ್ಟರು, ಓಡಿಸಿಕೊಂಡು ಹೋದರು ಎಂದಾಗಬೇಕಿತ್ತು. ಅಷ್ಟು ದಿನ ಅಲ್ಲಿ ಏನು ಮಾಡಿದಿರಿ?"

ಮೊದಲು ಹೆಸರಿನ ಗೊಂದಲವನ್ನು ತೀರಿಸಿಬಿಡುತ್ತೇನೆ. ಟ್ರಾಲರ್ ಎಂದೊಡನೆ ನಮ್ಮವರಿಗೆ ಮಲ್ಪೆಯ ಮೀನುಗಾರಿಕೆಯ ಬೋಟು ನೆನಪಾಗುತ್ತದೆ. ಈ ದೋಣಿಯಲ್ಲಿ ಬಲೆಯೂ ಇಲ್ಲ, ಮೀನೂ ಇಲ್ಲ. ಮೀನುಗಾರರ ಬೋಟಿನಿಂದ ಎರವಲು ಬಂದಿರುವುದು ಅದರ ಆಳವಾದ, ದುಂಡಗಿನ, ಭಾರದ ಒಡಲು ಮಾತ್ರ. ಅಮೆರಿಕದ ನೌಕಾಪಡೆಯಲ್ಲಿದ್ದ ರಾಬರ್ಟ್ ಬೀಬಿ ಎಂಬವರು 1963ರಲ್ಲಿ ಸಿಂಗಪುರದಲ್ಲಿ ಇಂಥದ್ದೊಂದು ದೋಣಿಯನ್ನು ಕಟ್ಟಿಸಿ ಗ್ರೀಸ್‌ವರೆಗೆ ಓಡಿಸಿಕೊಂಡು ಹೋದರು; ಹಾಯಿ ಇಲ್ಲದ ಚಿಕ್ಕ ದೋಣಿಯೂ ಒಂದೇ ಡೀಸೆಲ್ ಎಂಜಿನ್ನಿನ ಬಲದಲ್ಲಿ ಸಾಗರ ದಾಟಬಲ್ಲದು ಎಂಬ ನಂಬಿಕೆ ಬಲಗೊಂಡದ್ದು ಅಂಥವರಿಂದ. ಇದರ ವೇಗಕ್ಕೆ ನೀರೇ ಮಿತಿ ಹಾಕುತ್ತದೆ. ನೀರಿಗೆ ತಾಗಿರುವ ಉದ್ದ 36 ಅಡಿ ಇದ್ದರೆ, ಅದರ ವರ್ಗಮೂಲವಾದ 6ನ್ನು 1.34ರಿಂದ ಗುಣಿಸಿದಾಗ ಬರುವ ಎಂಟು ನಾಟ್‌ಗಳೇ ಅದರ ಗರಿಷ್ಠ. ಅದರಾಚೆಗೆ ಎಷ್ಟು ಡೀಸೆಲ್ ಸುರಿದರೂ ದೊಡ್ಡ ಅಲೆ ಏಳುತ್ತದೆಯೇ ಹೊರತು ವೇಗ ಹೆಚ್ಚುವುದಿಲ್ಲ. ಭಾವನ ದೋಣಿ ನೆಮ್ಮದಿಯಿಂದ ಓಡುವುದು ಏಳು ನಾಟ್‌ನಲ್ಲಿ, ಅಂದರೆ ಗಂಟೆಗೆ 13 ಕಿಲೋಮೀಟರ್. ಆ ವೇಗದಲ್ಲಿ ಮೈಸೂರಿನಿಂದ ಮಂಡ್ಯ ಮುಟ್ಟಲು ಮೂರೂವರೆ ಗಂಟೆ ಬೇಕು.

ಇನ್ನು ಪ್ರಶ್ನೆಗೆ ಬರುತ್ತೇನೆ. ಕಾರಿನ ಹೋಲಿಕೆಯೇ ಇಲ್ಲಿ ತಪ್ಪು. ಒಂದೇ ಮಾದರಿಯ ಕಾರುಗಳು ಲಕ್ಷಗಟ್ಟಲೆ ತಯಾರಾಗುತ್ತವೆ, ಕೊಳ್ಳುವವನ ಕೈಗೆ ಬರುವ ಹೊತ್ತಿಗೆ ಅದರ ತಪ್ಪುಗಳೆಲ್ಲ ಬೇರೆ ಯಾರದೋ ಕಾರಿನಲ್ಲಿ ಬಯಲಾಗಿ ತಿದ್ದುಪಡಿಯಾಗಿರುತ್ತವೆ. ಇಂಥ ದೋಣಿಗಳೋ ವರ್ಷಕ್ಕೆ ಕೈಬೆರಳೆಣಿಕೆಯಷ್ಟು ತಯಾರಾಗುತ್ತವೆ. ಒಂದೊಂದರ ತಂತಿ, ಕೊಳವೆ, ಪಂಪುಗಳ ಜೋಡಣೆಯೂ ಕೊಂಡವರ ಅಪೇಕ್ಷೆಯಂತೆ ಬದಲಾಗುತ್ತದೆ. ಹೀಗಾಗಿ ಪ್ರತಿಯೊಂದು ದೋಣಿಯೂ ಮೊದಲನೆಯದೇ. ಮೈಸೂರಿನವರಿಗೆ ಅರ್ಥವಾಗಬೇಕೆಂದರೆ ದಸರಾ ಆನೆಯನ್ನು ನೆನೆಸಿಕೊಳ್ಳಬೇಕು. ಕಾಡಿನಿಂದ ಬಂದ ಆನೆಗೆ ಮರುದಿನವೇ ಯಾರೂ 750 ಕಿಲೋ ತೂಕದ ಅಂಬಾರಿ ಕಟ್ಟುವುದಿಲ್ಲ. ಮೊದಲು ತೂಕ ನೋಡುತ್ತಾರೆ, ಬರಿಮೈಯಲ್ಲಿ ಬನ್ನಿಮಂಟಪದವರೆಗೆ ನಡೆಸುತ್ತಾರೆ, ಆಮೇಲೆ ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ, ನಡುವೆ ಫಿರಂಗಿಯ ಸದ್ದಿಗೆ ಬೆಚ್ಚದಂತೆ ತಾಲೀಮು. ನಾನು ಒಂಬತ್ತು ವಾರ ಮಾಡಿದ್ದು ಅದನ್ನೇ.

ತೈವಾನಿನಲ್ಲಿ ಕಟ್ಟಿದ ದೋಣಿ ಸರಕು ಹಡಗಿನ ಮೇಲ್ಗಡೆ, ಕಬ್ಬಿಣದ ತೊಟ್ಟಿಲೊಂದರಲ್ಲಿ ಕುಳಿತು, ಬಿಳಿಯ ಪ್ಲಾಸ್ಟಿಕ್ ಹೊದಿಕೆಯೊಳಗೆ ಸಿಯಾಟಲ್ ಹತ್ತಿರದ ಟಕೋಮಾ ಬಂದರಿಗೆ ಬಂತು. ಕ್ರೇನಿನ ಅಗಲವಾದ ಪಟ್ಟಿಗಳಲ್ಲಿ ಅದನ್ನು ಎತ್ತಿ ನೀರಿಗಿಳಿಸಿದಾಗ ಭಾವ ಚಪ್ಪಾಳೆ ತಟ್ಟಿದರು. ನಾನು ಟಾರ್ಚು ಹಿಡಿದು ಒಳಗಿಳಿದೆ. ದೋಣಿ ತೇಲಿದ ಕೂಡಲೇ ಪಟ್ಟಿ ಬಿಚ್ಚಬಾರದು ಎಂಬುದು ನನ್ನ ಮೊದಲ ಹಟವಾಗಿತ್ತು. ತಳದಲ್ಲಿ ಸಮುದ್ರದ ನೀರನ್ನು ಒಳಗೆಳೆದುಕೊಳ್ಳುವ ಹಾಗೂ ಹೊರಬಿಡುವ ಒಂಬತ್ತು ರಂಧ್ರಗಳಿದ್ದವು, ಒಂದೊಂದಕ್ಕೂ ಸೀಕಾಕ್ ಎಂಬ ವಾಲ್ವು. ಅವುಗಳ ಸುತ್ತ ಒಣ ಕಾಗದದ ಟವೆಲ್ಲನ್ನು ಒತ್ತಿ ಹಿಡಿದು ಒಂದೊಂದನ್ನೇ ನೋಡುತ್ತಾ ಹೋದೆ. ಏಳನೆಯದರ ಹತ್ತಿರ ಕಾಗದ ಒದ್ದೆಯಾಯಿತು. ಕೊಳವೆಗೆ ಎರಡು ಕ್ಲಿಪ್ಪು ಹಾಕಿದ್ದರು, ಒಂದನ್ನು ಬಿಗಿಯುವುದನ್ನು ಮರೆತಿದ್ದರು. ಸ್ಕ್ರೂಡ್ರೈವರಿನ ನಾಲ್ಕು ಸುತ್ತಿನ ಕೆಲಸ. ಆದರೆ ಪಟ್ಟಿ ಬಿಚ್ಚಿ, ಹಾರ ಹಾಕಿ, ಎಲ್ಲರೂ ಊಟಕ್ಕೆ ಹೋಗಿದ್ದರೆ ಅದರ ಕಥೆಯೇ ಬೇರೆಯಾಗುತ್ತಿತ್ತು.

ಹಾರ ಹಾಕಿದ್ದು ನಿಜ. ಅಕ್ಕ ಮೈಸೂರಿನಲ್ಲಿ ಬೆಳೆದವಳು, ಆಯುಧಪೂಜೆಯ ಅಭ್ಯಾಸ ಬಿಟ್ಟವಳಲ್ಲ. "ನಿಂಬೆಹಣ್ಣನ್ನು ಯಾವ ಚಕ್ರದ ಕೆಳಗಿಡಬೇಕೋ?" ಎಂದು ನನ್ನನ್ನೇ ಕೇಳಿದಳು. ಚಕ್ರವೇ ಇಲ್ಲದ ವಾಹನಕ್ಕೆ ಶಾಸ್ತ್ರ ನನಗೂ ತಿಳಿಯದು. ಕಡೆಗೆ ಕಟ್ಟೆಯ ಮೇಲೆ ಕಾಯಿ ಒಡೆದು ಮುಗಿಸಿದೆವು.

ಅಲ್ಲಿಂದ ದೋಣಿಯನ್ನು ಸಿಯಾಟಲ್ ನಗರದ ನಡುವಿನ ಲೇಕ್ ಯೂನಿಯನ್ ಎಂಬ ಸಿಹಿನೀರಿನ ಸರೋವರಕ್ಕೆ ತಂದರು. ಮೊದಲ ವಾರ ನಾನು ಕಲ್ಪಿಸಿಕೊಂಡಿದ್ದಕ್ಕಿಂತ ಮೆಲ್ಲಗೆ ಸಾಗಿತು. ಭಾವನಿಗೆ ಮೊದಲು ರೇಡಾರ್, ನಕ್ಷೆ ತೋರಿಸುವ ಪರದೆ, ಆಟೋಪೈಲಟ್ ಇವುಗಳನ್ನು ಕೂರಿಸುವ ಆತುರ. ನಾನು ಒಪ್ಪಲಿಲ್ಲ. ಎಂಜಿನ್ನಿನಿಂದ ಪ್ರೊಪೆಲರಿಗೆ ಹೋಗುವ ಶಾಫ್ಟ್ ನೇರವಾಗಿದೆಯೇ ಎಂಬುದು ನನಗೆ ಮುಖ್ಯವಾಗಿತ್ತು. ಕಾರ್ಖಾನೆಯ ನೆಲದ ಮೇಲೆ ಎಷ್ಟೇ ನೇರವಾಗಿ ಕೂರಿಸಿದ್ದರೂ, ನೀರಿಗಿಳಿದ ಮೇಲೆ ಒಡಲು ತನ್ನ ಭಾರಕ್ಕೆ ತಕ್ಕಂತೆ ಕೊಂಚ ಬಾಗುತ್ತದೆ. ಆದ್ದರಿಂದ ಡೀಸೆಲ್ ಮತ್ತು ನೀರಿನ ಟ್ಯಾಂಕುಗಳನ್ನು ತುಂಬಿಸಿ, ಕೆಲವು ದಿನ ತೇಲಲು ಬಿಟ್ಟು, ಆಮೇಲೆ ಎಂಜಿನ್ ಕಡೆಯನ್ನೂ ಶಾಫ್ಟನ್ನೂ ಜೋಡಿಸುವ ಕಪ್ಲಿಂಗಿನ ಬೋಲ್ಟು ಬಿಚ್ಚಿ, ಎರಡು ಮುಖಗಳ ನಡುವೆ ಫೀಲರ್ ಗೇಜಿನ ತೆಳು ತಗಡನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತೂರಿಸಿ ನೋಡಬೇಕು. ಕಪ್ಲಿಂಗಿನ ಅಡ್ಡಳತೆ ನಾಲ್ಕು ಅಂಗುಲವಿದ್ದರೆ ಅಂತರದ ವ್ಯತ್ಯಾಸ ಅಂಗುಲದ ಸಾವಿರದಲ್ಲಿ ನಾಲ್ಕು ಪಾಲು, ಅಂದರೆ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಮೀರಬಾರದು. ನಮ್ಮದು ಅದರ ಮೂರು ಪಟ್ಟು ಇತ್ತು. ಎಂಜಿನ್ನಿನ ಕಾಲುಗಳ ನಟ್ಟನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಸರಿಪಡಿಸಲು ಒಂದೂವರೆ ದಿನ ಹಿಡಿಯಿತು. ಹಾಗೆಯೇ ಬಿಟ್ಟಿದ್ದರೆ ನಡುಕ ಬಂದು, ಶಾಫ್ಟಿನ ಸೀಲು ಸವೆದು, ಗೇರ್‌ಬಾಕ್ಸಿನ ಬೇರಿಂಗಿಗೆ ಪೆಟ್ಟು ಬೀಳುತ್ತಿತ್ತು. ಪಾಂಡವಪುರದ ಕಡೆ ಪಂಪ್‌ಸೆಟ್ ಇಟ್ಟುಕೊಂಡಿರುವ ಯಾವ ರೈತನನ್ನು ಕೇಳಿದರೂ, ಮೋಟರು ಮತ್ತು ಪಂಪು ಒಂದೇ ಗೆರೆಯಲ್ಲಿ ಕೂರದಿದ್ದರೆ ಏನಾಗುತ್ತದೆಂದು ಹೇಳುತ್ತಾನೆ.

ಮುಂದಿನದು ಓಡಿಸಿ ನೋಡುವ ಪರೀಕ್ಷೆ. ಎಂಜಿನ್ನಿನ ಫಲಕದಲ್ಲಿ ನಿಮಿಷಕ್ಕೆ 2,400 ಸುತ್ತು ಎಂದಿದ್ದರೆ, ಎಲ್ಲ ಭಾರ ಹೇರಿಕೊಂಡು, ಥ್ರಾಟಲ್ ಪೂರ್ತಿ ಒತ್ತಿದಾಗ ಅಷ್ಟು ಸುತ್ತು ಬರಲೇಬೇಕು. ನಮ್ಮದು 2,250ಕ್ಕೇ ನಿಂತು, ಹೊಗೆ ಕಪ್ಪಾಯಿತು. ನಾವು ದಿನವೂ 1,700ರಲ್ಲೇ ಓಡಿಸುವವರು, ಇದರಿಂದ ನಷ್ಟವೇನು ಎಂದು ಮಾರಾಟಗಾರರ ಕಡೆಯವನು ವಾದಿಸಿದ. ನಷ್ಟವಿದೆ: ಪ್ರೊಪೆಲರಿನ ರೆಕ್ಕೆಗಳ ಓರೆ ಹೆಚ್ಚಾಗಿದೆ, ಎಂಜಿನ್ ಯಾವ ವೇಗದಲ್ಲಿದ್ದರೂ ಇರಬೇಕಾದ್ದಕ್ಕಿಂತ ಹೆಚ್ಚಿನ ಹೊರೆ ಎಳೆಯುತ್ತಿದೆ ಎಂದು ಇದರ ಅರ್ಥ. ಪ್ರೊಪೆಲರನ್ನು ಬಿಚ್ಚಿಸಿ, ಓರೆ ತಗ್ಗಿಸಿ ತಂದು, ಮತ್ತೆ ಹಾಕಿಸುವಾಗ ಇನ್ನೊಂದು ವಾರ ಹೋಯಿತು.

ನನ್ನ ಪ್ರವಾಸವನ್ನು ಉದ್ದ ಮಾಡಿದ್ದು ಮಾತ್ರ ಇದಾವುದೂ ಅಲ್ಲ, ಒಂದು ಹಿಡಿ ಧೂಳು. ಸರೋವರದಲ್ಲಿ ದೋಣಿ ಚಿನ್ನದಂತೆ ಓಡಿತ್ತು. ಪ್ಯೂಜೆಟ್ ಸೌಂಡ್ ಎಂಬ ಹೊರಗಿನ ಉಪ್ಪುನೀರಿಗೆ ಬಂದ ದಿನ ದಕ್ಷಿಣದ ಗಾಳಿ ಎದ್ದು, ದೋಣಿ ಸುಮಾರು ಎರಡು ಗಂಟೆ ಹೊಯ್ದಾಡಿತು. ನಾನು ಎಂಜಿನ್ ಕೋಣೆಯಲ್ಲಿ ಡೀಸೆಲ್ ಫಿಲ್ಟರಿನ ಮೇಲಿರುವ ನಿರ್ವಾತ ತೋರಿಸುವ ಮುಳ್ಳನ್ನು ನೋಡುತ್ತಾ ಕುಳಿತಿದ್ದೆ. ಫಿಲ್ಟರು ಕಟ್ಟಿಕೊಳ್ಳುತ್ತಿದೆ ಎಂದು ಹೇಳುವಂತೆ ಅದು ಹಸಿರು ಪಟ್ಟಿಯಿಂದ ಹಳದಿಗೆ, ಹಳದಿಯಿಂದ ಕೆಂಪಿನ ಕಡೆಗೆ ಏರತೊಡಗಿತು. ಕೆಳಗಿನ ಗಾಜಿನ ಬಟ್ಟಲಲ್ಲಿ ಅಕ್ಕಿ ತೊಳೆದ ನೀರಿನಲ್ಲಿ ಕೂರುವ ಗಸಿಯಂತೆ ಬಿಳಿಯ ಪುಡಿ. ಫಿಲ್ಟರುಗಳು ಜೋಡಿಯಾಗಿದ್ದರಿಂದ ಎಂಜಿನ್ ನಿಲ್ಲಿಸದೆಯೇ ಪಿಡಿ ತಿರುಗಿಸಿ ಎರಡನೆಯದಕ್ಕೆ ಬದಲಾಯಿಸಿಕೊಂಡು, ನಿಧಾನವಾಗಿ ದಡ ಸೇರಿದೆವು. ಕಾರಣ ಸರಳ. ಫೈಬರ್‌ಗ್ಲಾಸಿನ ಟ್ಯಾಂಕಿಗೆ ಕೊಳವೆ ಜೋಡಿಸಲು ರಂಧ್ರ ಕೊರೆದವರು ಕೊರೆದ ಪುಡಿಯನ್ನು ಒಳಗೇ ಬಿಟ್ಟಿದ್ದರು. ತಳದಲ್ಲಿ ಮಲಗಿದ್ದ ಅದನ್ನು ಅಲೆ ಎಬ್ಬಿಸಿತು. ದೋಣಿ ಕಟ್ಟಿದವರ ಹೆಸರು ಇಲ್ಲಿ ಬೇಡ. ಫೋಟೋಗಳನ್ನು ಕಳಿಸಿದ ಮೇಲೆ ಖರ್ಚು ಕೊಡಲು ಒಪ್ಪಿದರು ಎಂಬುದನ್ನೂ ಹೇಳಬೇಕು. ಆದರೆ ಸಾವಿರದೈನೂರು ಲೀಟರ್ ಡೀಸೆಲ್ಲನ್ನು ಪೀಪಾಯಿಗಳಿಗೆ ಹರಿಸಿ, ಟ್ಯಾಂಕಿನ ಮುಚ್ಚಳ ಬಿಚ್ಚಿ, ಭುಜದವರೆಗೆ ಕೈ ಇಳಿಸಿ ಬಟ್ಟೆಯಿಂದ ಮೂಲೆ ಮೂಲೆ ಒರೆಸಿದವನು ನಾನು. ಆ ವಾಸನೆ ಮೈಸೂರಿಗೂ ನನ್ನ ಜೊತೆ ಬಂತು.

ವಿದ್ಯುತ್ತಿನ ವಿಷಯದಲ್ಲಿ ತಪ್ಪುಗಳಿರಲಿಲ್ಲ, ಲೆಕ್ಕಾಚಾರ ಮಾತ್ರ ಇತ್ತು. ಮನೆಬಳಕೆಯ ಬ್ಯಾಟರಿಗಳು ಒಟ್ಟು 12 ವೋಲ್ಟ್, 800 ಆಂಪಿಯರ್-ಗಂಟೆ, ಅಂದರೆ 9.6 ಯೂನಿಟ್, ಈ ಬಗೆಯ ಸೀಸದ ಬ್ಯಾಟರಿಗಳು ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಹೀಗಾಗಿ ಕೈಗೆ ಸಿಗುವುದು 4.8 ಯೂನಿಟ್. ಲಿಥಿಯಂ ಬ್ಯಾಟರಿ ಹಾಕಿಸೋಣವೆಂದು ಭಾವನ ಆಸೆ. ಹಾಕಿಸಬಹುದು, ಆದರೆ ಲಿಥಿಯಂ ಕೊಟ್ಟಷ್ಟನ್ನೂ ಎಳೆದುಕೊಳ್ಳುವುದರಿಂದ ಬ್ಯಾಟರಿಗೆ ವಿದ್ಯುತ್ ತುಂಬುವ ಎಂಜಿನ್ನಿನ ಸಾಧಾರಣ ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು. ಅದನ್ನೂ ಅದರ ನಿಯಂತ್ರಕವನ್ನೂ ಬದಲಾಯಿಸದೆ ಬ್ಯಾಟರಿ ಮಾತ್ರ ಬದಲಿಸುವುದು ನನಗೆ ಸರಿ ಕಾಣಲಿಲ್ಲ. ಒಂದು ವರ್ಷ ಇದರಲ್ಲೇ ಕಳೆಯಲಿ ಎಂದೆ.

ಅಡುಗೆಮನೆ ಅಕ್ಕನ ಅಧಿಕಾರದ ಕ್ಷೇತ್ರ. ರಾಗಿಹಿಟ್ಟಿಗೆ ಬಿಗಿ ಮುಚ್ಚಳದ ಡಬ್ಬಿ, 120 ವೋಲ್ಟಿನ ಮಿಕ್ಸಿ, ಕುಕ್ಕರು ಜಾರದಂತೆ ಒಲೆಯ ಸುತ್ತ ಕಂಬಿ ಇವೆಲ್ಲ ಅವಳೇ ನೋಡಿಕೊಂಡಳು. ನಾನು ತಲೆಹಾಕಿದ್ದು ಗ್ಯಾಸಿನ ವಿಷಯಕ್ಕೆ ಮಾತ್ರ. ಅಡುಗೆ ಅನಿಲ ಗಾಳಿಗಿಂತ ಭಾರ; ಮನೆಯಲ್ಲಿ ಸೋರಿದರೆ ಬಾಗಿಲ ಸಂದಿಯಿಂದಾದರೂ ಆಚೆ ಹೋದೀತು, ದೋಣಿಯಲ್ಲಿ ತಳದ ಗುಂಡಿಗೆ ಇಳಿದು ಕಿಡಿಗಾಗಿ ಕಾಯುತ್ತಾ ಕೂರುತ್ತದೆ. ಆದ್ದರಿಂದ ಸಿಲಿಂಡರನ್ನು ಮೇಲ್ಗಡೆಯ ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು, ಸೋರಿದ ಅನಿಲ ನೇರವಾಗಿ ಹೊರಗೆ ಹರಿದುಹೋಗುವಂತೆ ಪೆಟ್ಟಿಗೆಯ ತಳದಲ್ಲಿ ರಂಧ್ರ ಇಟ್ಟಿರುತ್ತಾರೆ. ಒಂದು ಚೊಂಬು ನೀರು ಸುರಿದು ನೋಡಿದೆ. ನೀರು ಹಾಗೇ ನಿಂತಿತು. ರಂಧ್ರವಿತ್ತು, ಆದರೆ ಬಣ್ಣ ಬಳಿದವರು ಅದನ್ನೂ ಬಳಿದು ಮುಚ್ಚಿದ್ದರು.

ಲಂಗರಿನ ಸರಪಳಿಗೆ ಬಣ್ಣ ಹಚ್ಚಿದ ಕೆಲಸವನ್ನು ಭಾವ ಮಕ್ಕಳಂತೆ ಸಂತೋಷಪಟ್ಟು ಮಾಡಿದರು. ಎಷ್ಟು ಸರಪಳಿ ಬಿಟ್ಟೆವೆಂದು ತಿಳಿಯಲು ಹತ್ತು ಹತ್ತು ಮೀಟರಿಗೆ ಒಂದು ಗುರುತು ಬೇಕು. ಐದು ಮೀಟರ್ ಆಳದಲ್ಲಿ ಲಂಗರು ಹಾಕಿದರೆ ಆಳದ ಐದು ಪಟ್ಟು ಸರಪಳಿ, ಅಂದರೆ ಇಪ್ಪತ್ತೈದು ಮೀಟರ್ ಸಾಕಲ್ಲವೇ ಎಂದು ಅವರು ಕೇಳಿದರು. ಸಾಲದು. ನೀರಿನಿಂದ ದೋಣಿಯ ಮುಂತುದಿಯವರೆಗಿನ ಎರಡು ಮೀಟರ್ ಎತ್ತರವನ್ನೂ, ಬರಲಿರುವ ಉಬ್ಬರದ ಮೂರು ಮೀಟರನ್ನೂ ಸೇರಿಸಿ ಐದರಿಂದ ಗುಣಿಸಿದರೆ ಐವತ್ತಾಗುತ್ತದೆ. ಸಿಯಾಟಲ್ ಕಡೆಯ ಉಬ್ಬರವಿಳಿತ ದಿನಕ್ಕೆ ಸರಾಸರಿ ಹನ್ನೊಂದು ಅಡಿ. ಕನ್ನಂಬಾಡಿಯ ನೀರಿನ ಮಟ್ಟ ಪತ್ರಿಕೆಯಲ್ಲಿ ನೋಡಿ ಬೆಳೆದ ನಮಗೆ, ಬೆಳಿಗ್ಗೆಯಿಂದ ಸಂಜೆಯೊಳಗೆ ಅಷ್ಟು ನೀರು ಏರಿ ಇಳಿಯುವುದನ್ನು ನಂಬಲು ಕೆಲವು ದಿನ ಬೇಕಾಯಿತು.

ಜೀವರಕ್ಷಕ ತೆಪ್ಪ, 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗು ಕಳಿಸುವ ತುರ್ತು ಉಪಕರಣ ಮತ್ತು ಅದರ ನೋಂದಣಿ, ರೇಡಿಯೊ, ಬಿಡಿಭಾಗಗಳ ಪೆಟ್ಟಿಗೆ ಇವೆಲ್ಲ ಪಟ್ಟಿ ನೋಡಿ ಕೊಳ್ಳುವ ಕೆಲಸ. ತಳದಲ್ಲಿ ಲೋಹ ಸವೆಯದಂತೆ ಕಾಯುವ ಸತುವಿನ ಬಿಲ್ಲೆಗಳ ಬಗ್ಗೆ ಮಾತ್ರ ಒಂದು ಮಾತು. ಸತು ಉಪ್ಪುನೀರಿಗೆ ಸರಿ, ಸಿಹಿನೀರಿನಲ್ಲಿ ಅದರ ಮೇಲೆ ಪೊರೆ ಕಟ್ಟಿ ಕೆಲಸ ನಿಂತುಹೋಗುತ್ತದೆ. ವರ್ಷದ ಅರ್ಧ ಸರೋವರದಲ್ಲಿ, ಅರ್ಧ ಸಮುದ್ರದಲ್ಲಿ ಇರುವ ದೋಣಿಗೆ ಅಲ್ಯೂಮಿನಿಯಂ ಬಿಲ್ಲೆಯೇ ಮೇಲೆಂದು ಪ್ರೊಪೆಲರಿನ ಕೆಲಸದ ಜೊತೆಗೇ ಬದಲಾಯಿಸಿದೆ.

ನಾನು ಬರೆದಿಟ್ಟ ತಕರಾರುಗಳ ಪಟ್ಟಿ ಎಂಬತ್ತಮೂರಕ್ಕೆ ಮುಟ್ಟಿತ್ತು. ಒಂಬತ್ತನೇ ವಾರ, ಅದರಲ್ಲಿ ಎಪ್ಪತ್ತೊಂಬತ್ತು ತೀರಿದ ಮೇಲೆ, ಬ್ಯಾಲರ್ಡ್ ಲಾಕ್ಸ್ ದಾಟಿ ಹೊರಟೆವು. 1917ರಲ್ಲಿ ತೆರೆದ ಈ ಕಟ್ಟೆ ಸರೋವರವನ್ನು ಸಮುದ್ರದಿಂದ ಬೇರ್ಪಡಿಸುತ್ತದೆ. ದೋಣಿಯನ್ನು ಕಾಂಕ್ರೀಟ್ ಗೋಡೆಗಳ ನಡುವಿನ ತೊಟ್ಟಿಯೊಳಗೆ ಬಿಟ್ಟುಕೊಂಡು, ಹಿಂದಿನ ಬಾಗಿಲು ಮುಚ್ಚಿ, ನೀರನ್ನು ಬಸಿಯುತ್ತಾರೆ. ಗೋಡೆ ಪಾಚಿ ತೋರಿಸುತ್ತಾ ಮೇಲೇರಿದಂತೆ ಕಾಣುತ್ತದೆ, ಇಳಿಯುತ್ತಿರುವವರು ನಾವು. ಹಗ್ಗ ಸಡಿಲಿಸುತ್ತಾ ಮುಂತುದಿಯಲ್ಲಿ ನಿಂತಿದ್ದ ಅಕ್ಕ, "ಕೆಳಗೆ ಹೋಗಿ ಇನ್ನೊಂದು ಸಲ ನೋಡಿಬಿಡೋ" ಎಂದಳು. ಹೋಗಿ ನೋಡಿದೆ. ಕಾಗದ ಒಣಗಿತ್ತು. ಉಳಿದ ನಾಲ್ಕು ತಕರಾರುಗಳಲ್ಲಿ ಮೂರು ತೀರಿವೆಯೆಂದೂ, ಬಚ್ಚಲಿನ ನೀರು ಹೊರಹಾಕುವ ಪಂಪು ಮಾತ್ರ ಇನ್ನೂ ತನಗೆ ಮನಸ್ಸು ಬಂದಾಗ ಓಡುತ್ತದೆಂದೂ ಮೊನ್ನೆ ಭಾನುವಾರ ಭಾವ ಫೋನಿನಲ್ಲಿ ಹೇಳಿದರು. ಅದರ ಫ್ಲೋಟ್ ಸ್ವಿಚ್ಚಿಗೆ ಕೂದಲು ಸುತ್ತಿಕೊಂಡಿರಬೇಕು, ಬಿಚ್ಚಿ ನೋಡಿ ಎಂದಿದ್ದೇನೆ.