ಪೇಂಟರ್ರೂ ಫೋಟೋಗ್ರಾಫರ್ರೂ ಒಂದೇ ಸ್ಟುಡಿಯೋದಲ್ಲಿ ಅದು ಹೇಗೆ? ಎಲ್ರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಎಕ್ಸಿಬಿಷನ್‌ಗೆ ಬಂದೋರು, ಫ್ರೇಮ್ ಹಾಕೋ ಅಂಗಡಿಯವ್ರು, ಮದುವೆ ಫೋಟೋಗೆ ಮಾತಾಡೋಕೆ ಮೆಟ್ಲು ಹತ್ತಿ ಬಂದ ಹೆಣ್ಣಿನ ಕಡೆಯವ್ರು, ಎಲ್ರೂ ನನ್ನನ್ನ ಕೇಳೋದು ಇದನ್ನೇ. ನೀವು ಪೇಂಟಿಂಗ್ ಮಾಡ್ತೀರ, ಅವ್ರು ಫೋಟೋ ತೆಗೀತಾರೆ, ಇಬ್ರೂ ಒಂದೇ ಸ್ಟುಡಿಯೋದಲ್ಲಿ ಅದು ಹೇಗೆ ಮೇಡಂ? ಆಮೇಲೆ ಸ್ವಲ್ಪ ಹೊತ್ತು ಸುತ್ತ ನೋಡಿ ಎರಡನೇದು ಕೇಳ್ತಾರೆ, ಪಕ್ಕದಲ್ಲೇ ಕ್ಯಾಮೆರಾ ಇರೋವಾಗ ಒಂದು ಮುಖಾನ ವಾರಗಟ್ಲೆ ಕೂತು ಯಾಕೆ ಬಿಡಿಸ್ತೀರ ಅಂತ. ನಿಂತ್ಕೊಂಡು ಎರಡು ಮಾತಲ್ಲಿ ಹೇಳೋಕಾಗಲ್ಲ ಇದನ್ನ, ಅದಕ್ಕೆ ಇಲ್ಲಿ ಉದ್ದಕ್ಕೆ ಬರೀತಿದೀನಿ.

ನಮ್ಮದು ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಒಂದು ಹಳೇ ಮನೆ ಮಹಡಿ. ಒಂದು ದೊಡ್ಡ ಹಾಲು, ಪಕ್ಕದಲ್ಲಿ ಒಂದು ಚಿಕ್ಕ ರೂಮು, ಅಷ್ಟೇ. ನಾನು ಆಯಿಲ್‌ನಲ್ಲಿ ಪೋರ್ಟ್ರೇಟ್ ಮಾಡ್ತೀನಿ, ಜೊತೆಗೆ ಆರ್ಡರ್ ಬಂದ್ರೆ ಮೈಸೂರು ಶೈಲಿ ದೇವರ ಚಿತ್ರ, ಗೆಸ್ಸೋ ಗೋಲ್ಡ್ ಲೀಫ್ ಕೆಲ್ಸ, ಅಂದ್ರೆ ಗೆಸ್ಸೋ ಅನ್ನೋ ಪೇಸ್ಟಲ್ಲಿ ಉಬ್ಬು ಮಾಡಿ ಮೇಲೆ ಚಿನ್ನದ ರೇಕು ಅಂಟಿಸೋದು. ಫೋಟೋಗ್ರಾಫರ್ ಅಂದ್ರೆ ಅಕ್ಕ, ಅವ್ರು ಮದುವೆ ಫೋಟೋ, ಪೋರ್ಟ್ರೇಟು, ಸೀರೆ ಅಂಗಡಿಗಳ ಪ್ರಾಡಕ್ಟ್ ಶೂಟು ಮಾಡ್ತಾರೆ. ಒಡಹುಟ್ಟಿದ ಅಕ್ಕ ಅಲ್ಲ, ನನಗಿಂತ ದೊಡ್ಡೋರು, ಮೊದಲ ದಿನದಿಂದ ಹಾಗೇ ಕರ್ಕೊಂಡು ಬಂದಿದೀನಿ. ಬಾಡಿಗೆ, ಕರೆಂಟ್ ಬಿಲ್ ಅರ್ಧ ಅರ್ಧ. ಇದರಲ್ಲಿ ಕಷ್ಟ ಏನೂ ಇಲ್ಲ, ಯಾರು ಬೇಕಾದ್ರೂ ಮಾಡ್ಬಹುದು.

ಕಷ್ಟ ಇರೋದು ಬೆಳಕನ್ನ ಹಂಚ್ಕೊಳ್ಳೋದ್ರಲ್ಲಿ. ನನಗೆ ಬೇಕಾಗಿರೋದು ಅಲುಗಾಡದ ಬೆಳಕು, ಇವತ್ತು ಕೆನ್ನೆ ಮೇಲೆ ಎಲ್ಲಿ ನೆರಳು ಬಿದ್ದಿತ್ತೋ ಹತ್ತು ದಿನ ಬಿಟ್ಟು ಬಂದು ಕೂತ್ರೂ ಅಲ್ಲೇ ಇರ್ಬೇಕು. ಅಕ್ಕಂಗೆ ಅದರ ಉಲ್ಟಾ, ಒಂದೇ ಗಂಟೇಲಿ ನಾಲ್ಕು ಥರ ಬೆಳಕು ಮಾಡಿ ನೋಡ್ಬೇಕು, ಪರದೆ ಎಳೀಬೇಕು, ಬೆಳಕನ್ನ ಮೆದು ಮಾಡೋ ಸಾಫ್ಟ್‌ಬಾಕ್ಸ್ ಎಡಕ್ಕಿಟ್ಟು ಬಲಕ್ಕಿಟ್ಟು, ಬೇಡ ಅಂದ್ರೆ ಪೂರ್ತಿ ಕತ್ತಲೆ ಮಾಡಿ ಒಂದೇ ಲೈಟಲ್ಲಿ ತೆಗೀಬೇಕು. ಹಾಗಾಗಿ ನಾವು ಹಾಲಿನ ಮಧ್ಯೆ ಗೆರೆ ಹಾಕ್ಲಿಲ್ಲ, ಹೊತ್ತು ಹಂಚ್ಕೊಂಡ್ವಿ. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೂ ಕಿಟಕಿ ನನ್ನದು. ಊಟ ಆದ್ಮೇಲೆ ಅಕ್ಕನ್ನ ಕೇಳದೆ ಪರದೆ ಮುಟ್ಟಲ್ಲ.

ನಮ್ಮ ದೊಡ್ಡ ಕಿಟಕಿ ಇರೋದು ಉತ್ತರಕ್ಕೆ. ಪೇಂಟಿಂಗ್ ಕಲಿಸೋ ಪುಸ್ತಕ ಯಾವ್ದನ್ನ ತೆಗೆದ್ರೂ ಉತ್ತರದ ಬೆಳಕೇ ಒಳ್ಳೇದು ಅಂತ ಇರುತ್ತೆ, ಯಾಕಂದ್ರೆ ನೇರ ಬಿಸಿಲು ಬರಲ್ಲ, ಬರೀ ಆಕಾಶದ ತಂಪು ಬೆಳಕು ಬರುತ್ತೆ, ನೆರಳು ಓಡಾಡಲ್ಲ. ಅದು ಲಂಡನ್ನು ಪ್ಯಾರಿಸ್ಸಿಗೆ ಹೆಚ್ಚುಕಮ್ಮಿ ಸರಿ. ಮೈಸೂರು ಇರೋದು 12 ಡಿಗ್ರಿ ಅಕ್ಷಾಂಶದಿಂದ ಚೂರು ಮೇಲೆ, ಆದ್ರಿಂದ ಏಪ್ರಿಲ್ ಕೊನೇ ವಾರದಿಂದ ಆಗಸ್ಟ್ ಮೂರನೇ ವಾರದವರೆಗೂ ಮಧ್ಯಾಹ್ನ ಹನ್ನೆರಡಕ್ಕೂ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರ್ತಾನೆ. ಮಧ್ಯಾಹ್ನದ್ದನ್ನ ಕಿಟಕಿ ಮೇಲಿನ ಸಜ್ಜ ತಡೆಯುತ್ತೆ ಸರಿ, ಆದ್ರೆ ಬೆಳಿಗ್ಗೆ ಮತ್ತೆ ಸಂಜೆ ಓರೆಯಾಗಿ ಒಳಗೆ ನುಗ್ಗೋ ಬಿಸಿಲಿಗೆ ಸಜ್ಜ ಏನ್ಮಾಡುತ್ತೆ. ಆ ತಿಂಗಳುಗಳಲ್ಲಿ ಕಿಟಕಿಗೆ ಪೂರ್ತಿ ಒಂದು ತೆಳು ಬಿಳೀ ಮಲ್ಲು ಬಟ್ಟೆ ಕಟ್ತೀವಿ. ಈ ಐಡಿಯಾ ಅಕ್ಕಂದು, ಅವ್ರ ಭಾಷೇಲಿ ಅದು ಡಿಫ್ಯೂಸರ್, ಬೆಳಕನ್ನ ಚದುರಿಸಿ ಮೆದು ಮಾಡೋದು. ಅದು ಬಂದ್ಮೇಲೆ ನನ್ನ ಬೇಸಿಗೆ ಪೋರ್ಟ್ರೇಟ್‌ಗಳೇ ಬದಲಾದ್ವು, ಚರ್ಮದ ಮೇಲೆ ಬೆಳಕಿಂದ ನೆರಳಿಗೆ ಹೋಗೋ ಜಾಗ ಇದೆಯಲ್ಲ, ಅಲ್ಲಿ ಇರೋ ಹಸಿರು ಛಾಯೆ ಬೂದು ಛಾಯೆ ಎಲ್ಲಾ ಕಾಣೋಕೆ ಶುರುವಾಯ್ತು.

ಗೋಡೆ ಬಣ್ಣದ ವಿಷಯದಲ್ಲಿ ಮಾತ್ರ ಇಬ್ರಿಗೂ ಒಂದೇ ಹಠ. ಮನೆ ಓನರ್ ಪ್ರೀತಿಯಿಂದ ಪೀಚ್ ಕಲರ್ ಹೊಡೆಸಿಕೊಡ್ತೀನಿ ಅಂದ್ರು, ಬೇಡ ಸರ್ ತಿಳಿ ಬೂದು ಸಾಕು ಅಂತ ಕೈ ಮುಗಿದ್ವಿ. ಪೀಚ್ ಗೋಡೆಗೆ ಬಡಿದು ವಾಪಸ್ ಬರೋ ಬೆಳಕು ಪೀಚೇ ಆಗಿರುತ್ತೆ, ಮದುಮಗಳ ಮುಖದ ಮೇಲೂ ಬೀಳುತ್ತೆ, ನನ್ನ ಪ್ಯಾಲೆಟ್ ಮೇಲೂ ಬೀಳುತ್ತೆ. ಟ್ಯೂಬ್‌ಲೈಟೂ ಅಷ್ಟೇ. ಸಾಮಾನ್ಯ ಎಲ್‌ಇಡಿ ಟ್ಯೂಬ್‌ಗಳ ಸಿಆರ್‌ಐ, ಅಂದ್ರೆ ಬಣ್ಣಗಳನ್ನ ಎಷ್ಟು ಸರಿಯಾಗಿ ತೋರಿಸುತ್ತೆ ಅನ್ನೋದಕ್ಕೆ ನೂರಕ್ಕೆ ಕೊಡೋ ಅಂಕ, 80ರ ಆಸುಪಾಸು ಇರುತ್ತೆ, ಅದರಲ್ಲಿ ಗಾಢ ಕೆಂಪು ಸಾಯುತ್ತೆ, ಕುಂಕುಮದ ಕೆಂಪು ರೇಷ್ಮೆ ಸೀರೆ ಕೆಂಪು ಎಲ್ಲಾ ಇಟ್ಟಿಗೆ ಬಣ್ಣ ಆಗುತ್ತೆ. 95ರ ಮೇಲಿರೋದು ದುಬಾರಿ, ಆದ್ರೂ ಬೇರೆ ಯಾವ ಖರ್ಚಿಗೂ ಮುಂಚೆ ಅದನ್ನ ಹಾಕ್ಸಿ. ಸ್ಟುಡಿಯೋ ಮಾಡೋ ಹುಡುಗ್ರಿಗೆ ನಾನು ಮೊದಲು ಹೇಳೋದು ಇದನ್ನೇ, ಹೊಸ ಲೆನ್ಸ್ ಆಮೇಲೆ ತಗೊಳ್ರಪ್ಪ.

ಇನ್ನು ನಿಜವಾಗ್ಲೂ ಒಬ್ಬರಿಗೊಬ್ಬರು ಬೇಕಾಗೋದು ಎಲ್ಲಿ ಅಂದ್ರೆ, ನನ್ನ ಪೇಂಟಿಂಗ್‌ಗಳ ಫೋಟೋ ತೆಗೆಯೋವಾಗ. ಕ್ಯಾಟಲಾಗ್‌ಗೆ, ಪ್ರಿಂಟ್‌ಗೆ, ದೂರದಲ್ಲಿರೋ ಗಿರಾಕಿಗೆ ಕಳಿಸೋಕೆ ಫೋಟೋ ಬೇಕೇ ಬೇಕು, ಆದ್ರೆ ವಾರ್ನಿಶ್ ಹೊಡೆದ ಆಯಿಲ್ ಪೇಂಟಿಂಗನ್ನ ಮೊಬೈಲಲ್ಲಿ ತೆಗೆದ್ರೆ ಬರೀ ಹೊಳಪೇ ಬರುತ್ತೆ. ಅಕ್ಕ ಎರಡು ಕಡೆಯಿಂದ 45 ಡಿಗ್ರಿಗೆ ಲೈಟ್ ಇಡ್ತಾರೆ, ಲೈಟಿನ ಮುಂದೆ ಪೋಲರೈಸಿಂಗ್ ಫಿಲ್ಮ್ (ಒಂದೇ ದಿಕ್ಕಿಗೆ ಕಂಪಿಸೋ ಬೆಳಕನ್ನಷ್ಟೇ ಬಿಡೋ ಹಾಳೆ), ಲೆನ್ಸಿಗೆ ಅದೇ ಥರದ ಪೋಲರೈಸರ್, ಒಂದಕ್ಕೊಂದು ಅಡ್ಡ ಬರೋ ಹಾಗೆ ತಿರುಗಿಸಿದ್ರೆ ಹೊಳಪು ಪೂರ್ತಿ ಮಾಯ, ಬ್ರಶ್ಶಿನ ಗೆರೆ ಸಮೇತ ಕಾಣುತ್ತೆ. ಮೊದಲ ಫ್ರೇಮಲ್ಲಿ ಕಲರ್ ಚಾರ್ಟ್ ಇಟ್ಟು ತೆಗೀತಾರೆ, ಆಮೇಲೆ ಕಂಪ್ಯೂಟರಲ್ಲಿ ಬಣ್ಣ ಸರಿಮಾಡೋಕೆ. ಅಷ್ಟಾದ್ರೂ ಕೋಬಾಲ್ಟ್ ಬ್ಲೂ ಕ್ಯಾಮೆರಾದಲ್ಲಿ ಸ್ವಲ್ಪ ನೇರಳೆ ಕಡೆ ವಾಲುತ್ತೆ, ಅದಕ್ಕೆ ಪೇಂಟಿಂಗನ್ನ ಮಾನಿಟರ್ ಪಕ್ಕದಲ್ಲೇ ಇಟ್ಕೊಂಡು ಇಬ್ರೂ ಕೂತು ತಿದ್ದಬೇಕು.

ಮೈಸೂರು ಶೈಲಿ ಚಿತ್ರ ಬಂದಾಗ ಈ ಸೆಟಪ್ ನಡೆಯಲ್ಲ. ಪೋಲರೈಸರ್ ಅಡ್ಡ ಹಾಕಿದ್ರೆ ಲೋಹದ ಹೊಳಪೂ ಹೋಗಿಬಿಡುತ್ತೆ, ಅಸಲಿ ಚಿನ್ನದ ರೇಕು ಫೋಟೋದಲ್ಲಿ ಕರಿ ಬಳಿದ ಹಾಗೆ ಕಾಣುತ್ತೆ. ದೇವಿ ಕಿರೀಟ ಕಪ್ಪಾಗಿ ಬಂದ್ರೆ ಯಾರಿಗೆ ತೋರಿಸೋದು. ಅದಕ್ಕೆ ಅಕ್ಕ ಟ್ರೈಪಾಡ್ ಅಲುಗಾಡಿಸದೆ ಎರಡು ಫೋಟೋ ತೆಗೀತಾರೆ, ಒಂದು ಬಣ್ಣಕ್ಕೆ, ಇನ್ನೊಂದು ಚಿನ್ನಕ್ಕೆ. ಚಿನ್ನಕ್ಕೆ ತೆಗೆಯೋವಾಗ ಫಿಲ್ಮ್ ಬಿಚ್ಚಿ, ದೊಡ್ಡ ಬಿಳೀ ಥರ್ಮೋಕೋಲ್ ಶೀಟಿಗೆ ಲೈಟ್ ಹೊಡೆದು, ಆ ಶೀಟೇ ಚಿನ್ನದಲ್ಲಿ ಪ್ರತಿಬಿಂಬ ಆಗೋ ಹಾಗೆ ನಿಲ್ಲಿಸ್ತಾರೆ. ಆ ಶೀಟನ್ನ ಹಿಡ್ಕೊಂಡು ನಿಲ್ಲೋಳು ನಾನು. ತಂಜಾವೂರಿನವ್ರದ್ದು ಗೆಸ್ಸೋ ದಪ್ಪ, ಎದ್ದು ನಿಲ್ಲುತ್ತೆ, ನಮ್ಮದು ತೆಳು, ಒಡವೆ ಕುಸುರಿ ಎಲ್ಲಾ ಬಹಳ ಸಣ್ಣ ಉಬ್ಬಲ್ಲೇ ಇರೋದು, ಲೈಟು ಸ್ವಲ್ಪ ನೇರ ಆದ್ರೂ ಆ ಉಬ್ಬು ಅಳಿಸಿ ಹೋಗುತ್ತೆ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಜಿಐ ಟ್ಯಾಗ್ ಇದೆ, ಅಂದ್ರೆ ಈ ಊರಿನದ್ದೇ ಅನ್ನೋ ಸರ್ಕಾರಿ ಗುರುತು, ಹೆಸರಿದೆ, ಆದ್ರೆ ಮಾರೋಕೆ ಹಾಕಿರೋ ಫೋಟೋಗಳಲ್ಲಿ ಅರ್ಧಕ್ಕರ್ಧ ಆ ಕುಸುರಿ ಕಾಣೋದೇ ಇಲ್ಲ. ಇದು ನನಗೆ ತುಂಬಾ ಬೇಜಾರಿನ ವಿಷಯ, ತಿಂಗಳಾನುಗಟ್ಟಲೆ ಕಣ್ಣು ನೋಯಿಸ್ಕೊಂಡು ಮಾಡಿದ ಕೆಲ್ಸ ಹಳದಿ ಮಚ್ಚೆ ಥರ ಕಾಣಬಾರ್ದು.

ಈಗ ಎರಡನೇ ಪ್ರಶ್ನೆ, ಕ್ಯಾಮೆರಾ ಇರೋವಾಗ ಚಿತ್ರ ಯಾಕೆ. ಇದನ್ನ ಕೇಳೋರಿಗೆ ನಾನು ಅರಮನೆ ಕಲ್ಯಾಣ ಮಂಟಪದ ಗೋಡೆ ನೋಡ್ಕೊಂಡು ಬನ್ನಿ ಅಂತೀನಿ. ಅಲ್ಲಿ ಸುತ್ತಲೂ ದಸರಾ ಮೆರವಣಿಗೆಯ 26 ಚಿತ್ರಗಳಿವೆ, ಆನೆ, ಕುದುರೆ, ಪೇಟ ಸುತ್ತಿದ ಜನ, ಬೀದಿ, ಮಹಡಿ ಮೇಲೆ ನಿಂತು ನೋಡ್ತಿರೋರು. 1930ರ ದಶಕದ ಮೆರವಣಿಗೆ ಅದು, ಆಸ್ಥಾನದ ಕಲಾವಿದ್ರು ನಿಜವಾದ ಫೋಟೋಗಳನ್ನ ಮುಂದಿಟ್ಕೊಂಡು ಬರೆದಿದ್ದು. ಅಂದ್ರೆ ಮೈಸೂರಲ್ಲಿ ಫೋಟೋಗ್ರಾಫರ್ರೂ ಪೇಂಟರ್ರೂ ಒಂದೇ ಕೆಲಸಕ್ಕೆ ಕೈ ಹಾಕಿ ಎಷ್ಟೋ ವರ್ಷ ಆಯ್ತು. ಆ ಕಾಲದ ಫೋಟೋ ಕಪ್ಪುಬಿಳುಪು, ಯಾರು ಎಲ್ಲಿ ನಿಂತಿದ್ರು, ಆನೆ ಕಾಲು ಹೇಗೆ ಎತ್ತಿತ್ತು ಅನ್ನೋದನ್ನ ಅದು ಹೇಳ್ತು, ಜರಿ ಯಾವ ಬಣ್ಣ, ಬಿಸಿಲಲ್ಲಿ ಅಂಬಾರಿ ಹೇಗೆ ಹೊಳೀತಿತ್ತು ಅನ್ನೋದು ಆ ಮೆರವಣಿಗೇನ ಕಣ್ಣಾರೆ ನೋಡಿದ ಪೇಂಟರ್ ತಲೇಲಿತ್ತು. ಎರಡೂ ಸೇರಿದ್ದಕ್ಕೇ ಇವತ್ತು ನಾವು ಆ ಗೋಡೆ ಮುಂದೆ ನಿಂತ್ರೆ ಒಬ್ಬೊಬ್ಬರ ಮುಖಾನೂ ಬೇರೆ ಬೇರೆ ಗುರುತು ಹಿಡೀಬಹುದು. ಜನ ಗೊಂಬೆ ತೊಟ್ಟಿಗೂ ಅಂಬಾರಿಗೂ ಹೋಗಿ, ಈ ಗೋಡೇನ ನಡೀತಾ ನಡೀತಾ ನೋಡಿ ಹೋಗಿಬಿಡ್ತಾರೆ, ದಯವಿಟ್ಟು ನಿಂತು ನೋಡಿ.

ನಾನೂ ಅಕ್ಕನ ಫೋಟೋ ಇಟ್ಕೊಂಡು ಪೋರ್ಟ್ರೇಟ್ ಮಾಡ್ತೀನಿ, ಅದರಲ್ಲಿ ಮುಚ್ಚಿಡೋದೇನಿಲ್ಲ. ವಯಸ್ಸಾದೋರನ್ನ ಗಂಟೆಗಟ್ಲೆ ಕೂರಿಸೋಕಾಗಲ್ಲ. ಆದ್ರೆ ಒಂದು ಸಲನಾದ್ರೂ ಎದುರಿಗೆ ಕೂರಿಸ್ಕೊಂಡು ಬಣ್ಣದ ಸಣ್ಣ ಸ್ಕೆಚ್ ಮಾಡ್ಕೊಳ್ದೆ ಶುರು ಮಾಡಲ್ಲ. ಫೋಟೋದಲ್ಲಿ ನೆರಳು ಬೇಗ ಕಪ್ಪಾಗುತ್ತೆ, ಕಣ್ಣಿಗೆ ಆ ನೆರಳೊಳಗೂ ಬಣ್ಣ ಕಾಣುತ್ತೆ. ಹತ್ತಿರದಿಂದ ವೈಡ್ ಲೆನ್ಸಲ್ಲಿ ತೆಗೆದ್ರೆ ಮೂಗು ದೊಡ್ಡದಾಗುತ್ತೆ, ಕಿವಿ ಹಿಂದೆ ಹೋಗುತ್ತೆ, ಅದನ್ನ ಹಾಗೇ ಕಾಪಿ ಮಾಡಿದ ಪೇಂಟಿಂಗನ್ನ ದೂರದಿಂದ್ಲೇ ಕಂಡುಹಿಡೀಬಹುದು. ಅಕ್ಕ ನನಗೋಸ್ಕರ ದೂರದಿಂದ ಮುಖ ತೆಗೆಯೋಕೆ ಆಗೋ 85 ಎಂಎಂ ಲೆನ್ಸ್ ಹಾಕಿ, ಸ್ವಲ್ಪ ದೂರ ನಿಂತು, ಒಂದು ಸರಿ ಎಕ್ಸ್‌ಪೋಶರ್, ಒಂದು ನೆರಳು ಕಾಣೋ ಹಾಗೆ, ಒಂದು ಹಣೆ ಮೇಲಿನ ಹೊಳಪು ಉಳಿಯೋ ಹಾಗೆ ತೆಗೆದುಕೊಡ್ತಾರೆ. ಮೂರನ್ನೂ ನೋಡ್ಕೊಂಡು, ಸ್ಕೆಚ್ಚನ್ನೂ ನೋಡ್ಕೊಂಡು ಮಾಡೋದ್ರಲ್ಲಿ ಫೋಟೋಗೆ ಸಿಗದೇ ಇರೋ ಆ ಮನುಷ್ಯ ಸಿಗ್ತಾರೆ, ಕನಿಷ್ಠ ಅವ್ರ ಮನೆಯವ್ರು ನೋಡಿ ಹೌದು ಇವ್ರೇ ಅನ್ನೋ ಅಷ್ಟು.

ಅಕ್ಕನೂ ಚಿತ್ರದಿಂದ ತಗೊಳ್ಳೋದು ಕಮ್ಮಿ ಏನಲ್ಲ. ಲೈಟಿಂಗ್ ಕಲಿಯೋಕೆ ಬಂದ ಹುಡುಗ್ರಿಗೆ ಅವ್ರು ಮೊದಲು ಹೇಳೋದು ಜಗನ್ಮೋಹನ ಅರಮನೆಯ ಆ ದೀಪ ಹಿಡಿದ ಹೆಣ್ಣಿನ ಚಿತ್ರದ ಬಗ್ಗೆ. ಗ್ಲೋ ಆಫ್ ಹೋಪ್, ತುಂಬಾ ಜನ ರವಿವರ್ಮಂದು ಅಂದ್ಕೊಂಡಿದಾರೆ, ಅದು ಎಸ್. ಎಲ್. ಹಳದಣ್‌ಕರ್ ಅವ್ರು 1940ರ ದಶಕದಲ್ಲಿ ಮಗಳನ್ನೇ ನಿಲ್ಲಿಸಿ ಬರೆದಿದ್ದು, ಅದೂ ಆಯಿಲ್ ಅಲ್ಲ, ವಾಟರ್‌ಕಲರ್. ದೀಪಕ್ಕೆ ಅಡ್ಡ ಹಿಡಿದ ಬೆರಳಿನ ಸಂದಿ ಕೆಂಪಾಗಿ ಬೆಳಗುತ್ತಲ್ಲ, ಮುಖಕ್ಕೆ ಕೆಳಗಿಂದ ಬೆಳಕು ಬಂದ್ರೂ ಭಯ ಹುಟ್ಟಲ್ಲ, ಅದು ಹೇಗೆ ಅಂತ ನೋಡಿ ಬನ್ನಿ, ಆಮೇಲೆ ಲೈಟ್ ಸ್ಟ್ಯಾಂಡ್ ಮುಟ್ಟಿ ಅಂತಾರೆ ಅಕ್ಕ. ಧಾರೆಗೆ ಮುಂಚೆ ಹಸೆಮಣೆ ಹತ್ರ ದೀಪದ ಬೆಳಕಲ್ಲಿ ಅವ್ರು ತೆಗೆದ ಮದುಮಗಳ ಫೋಟೋಗಳನ್ನ ನೋಡಿದ್ರೆ ಆ ಚಿತ್ರ ಎಲ್ಲಿ ಹೋಗಿ ಸೇರಿದೆ ಅಂತ ಗೊತ್ತಾಗುತ್ತೆ. ಅವ್ರ ಪೋರ್ಟ್ರೇಟ್‌ಗಳ ಹಿಂದೆ ಕಾಣೋ ಆ ಮೋಡ ಮೋಡದ ಬ್ಯಾಕ್‌ಡ್ರಾಪ್ ನಾನು ಮಾಡಿದ್ದು, ಕೋರಾ ಬಟ್ಟೆ ನೆಲದ ಮೇಲೆ ಹಾಸಿ ಎಮಲ್ಷನ್ ತೆಳು ಮಾಡ್ಕೊಂಡು ಸ್ಪಂಜಲ್ಲಿ. ಹಿಂದಿನ ಕಾಲದ ಸ್ಟುಡಿಯೋಗಳಲ್ಲಿ ಪರದೆ ಬರೆಯೋಕೆ, ಕಪ್ಪುಬಿಳುಪು ಫೋಟೋಗೆ ಬಣ್ಣ ಹಚ್ಚೋಕೆ ಅಂತ್ಲೇ ಪೇಂಟರ್ ಇರ್ತಿದ್ರು, ಅದೇ ನಂಟು ಇದು.

ವರ್ಷದ ಲೆಕ್ಕವೂ ನಮಗೆ ಹೊಂದಿಕೊಂಡುಬಿಟ್ಟಿದೆ. ಲಗ್ನ ಇರೋ ತಿಂಗಳುಗಳಲ್ಲಿ ಅಕ್ಕ ಕೈಗೆ ಸಿಗಲ್ಲ, ಸಂಜೆ ಮಂಡ್ಯದ ಯಾವ್ದೋ ಛತ್ರದಲ್ಲಿ ರಿಸೆಪ್ಷನ್, ಬೆಳಿಗ್ಗೆ ಅಲ್ಲೇ ಧಾರೆ, ಮಾರನೇ ದಿನ ಬಂದು ನಿದ್ದೆ. ಆಗ ಹಾಲು ಪೂರ್ತಿ ನನ್ನದು, ದೊಡ್ಡ ಕ್ಯಾನ್ವಾಸ್ ಎಲ್ಲಾ ಆಗ್ಲೇ. ಆಷಾಢದಲ್ಲೂ ಧನುರ್ಮಾಸದಲ್ಲೂ ಮದುವೆ ಇಲ್ಲ. ಧನುರ್ಮಾಸ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ, ಬೆಂಗಳೂರಿನ ಚಿತ್ರಸಂತೆ ಜನವರಿ ಮೊದಲ ಭಾಗದಲ್ಲಿ, ಹಾಗಾಗಿ ನನ್ನ ಕೆಲ್ಸಗಳ ಫೋಟೋ, ಪ್ರಿಂಟು ಎಲ್ಲಾ ಆವಾಗ ಅಕ್ಕ ಮಾಡಿಕೊಡ್ತಾರೆ. ಆಷಾಢದಲ್ಲಿ ಬ್ಯಾಕ್‌ಡ್ರಾಪ್ ಬರೆಯೋದು, ಲೆನ್ಸ್ ಕ್ಲೀನ್ ಮಾಡೋದು. ಮಳೆಗಾಲದ ತೇವ ಇಬ್ರಿಗೂ ಶತ್ರು, ಅವ್ರ ಲೆನ್ಸಿಗೆ ಫಂಗಸ್, ನನ್ನ ವಾಟರ್‌ಕಲರ್ ಪೇಪರಿಗೂ ಫಂಗಸ್. ಅಕ್ಕ ಲೆನ್ಸ್ ಇಡೋ ಡ್ರೈ ಕ್ಯಾಬಿನೆಟ್‌ನಲ್ಲಿ ತೇವ 40ರಿಂದ 50 ಪರ್ಸೆಂಟಲ್ಲಿ ಇರುತ್ತೆ, ಕೆಳಗಿನ ಒಂದು ಅರೆ ನನ್ನ ಪೇಪರಿಗೆ ಅಂತ ಬಿಟ್ಟುಕೊಟ್ಟಿದಾರೆ. ಗೆಸ್ಸೋ ಉಜ್ಜೋದು, ವಾರ್ನಿಶ್ ಹೊಡೆಯೋದು ಚಿಕ್ಕ ರೂಮಲ್ಲಿ ಮಾತ್ರ, ಬಾಗ್ಲು ಹಾಕ್ಕೊಂಡು, ಆ ಧೂಳು ಕ್ಯಾಮೆರಾ ಒಳಗಿನ ಸೆನ್ಸರ್ ಮೇಲೆ ಕೂತ್ರೆ ಮುಗೀತು.

ಒಂದು ವಿಷಯ ಮಾತ್ರ ಯಾರೂ ಕೇಳಲ್ಲ, ನಾನೇ ಹೇಳ್ತೀನಿ. ಲಿನ್ಸೀಡ್ ಆಯಿಲ್ ಒರೆಸಿದ ಬಟ್ಟೇನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ. ಆ ಎಣ್ಣೆ ಒಣಗೋವಾಗ ಬಿಸಿ ಹುಟ್ಟುತ್ತೆ, ಮುದ್ದೆಯೊಳಗೆ ಆ ಬಿಸಿಗೆ ಹೊರಗೆ ಹೋಗೋಕೆ ದಾರಿ ಇಲ್ಲ, ಯಾರೂ ಕಡ್ಡಿ ಗೀರದೇನೇ ಹೊತ್ಕೊಳ್ಳುತ್ತೆ. ಪಕ್ಕದಲ್ಲಿ ಬಟ್ಟೆ ಪರದೆ, ಥರ್ಮೋಕೋಲು, ಬ್ಯಾಟರಿಗಳು ಇರೋ ಜಾಗ ನಮ್ಮದು. ಮುಚ್ಚಳ ಇರೋ ತಗಡಿನ ಡಬ್ಬಿ, ಒಳಗೆ ನೀರು, ಬಟ್ಟೆ ಅದರೊಳಗೆ. ಸಂಜೆ ಬೀಗ ಹಾಕೋಕೆ ಮುಂಚೆ ಯಾರು ಕೊನೆಗೆ ಹೋಗ್ತಾರೋ ಅವ್ರು ನೋಡ್ಲೇಬೇಕು.

ದುಡ್ಡು, ಹಕ್ಕಿನ ವಿಷಯ ಮೊದಲೇ ಒಂದು ಹಾಳೇಲಿ ಬರ್ಕೊಂಡಿದೀವಿ. ಸ್ನೇಹ ಇದೆಯಲ್ಲ ಯಾಕೆ ಅಂತ ಮನೆಯವ್ರು ಅಂದ್ರು, ಸ್ನೇಹ ಉಳೀಲಿ ಅಂತ್ಲೇ ಬರ್ದಿದ್ದು. 1957ರ ಕಾಪಿರೈಟ್ ಆಕ್ಟ್ 17ನೇ ಸೆಕ್ಷನ್ ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ಫೋಟೋ, ಬರೆಸಿದ ಪೋರ್ಟ್ರೇಟು, ಬೇರೆ ಒಪ್ಪಂದ ಇಲ್ದಿದ್ರೆ ಅದರ ಮೊದಲ ಹಕ್ಕು ತೆಗೆಸಿದೋರ್ದೇ. ಹಾಗಾಗಿ ಅಕ್ಕ ತೆಗೆದ ಮದುಮಗಳ ಫೋಟೋ ಎಷ್ಟೇ ಚೆನ್ನಾಗಿದ್ರೂ ಆ ಮನೆಯವ್ರನ್ನ ಕೇಳದೆ ನಾನು ಅದನ್ನ ಪೇಂಟ್ ಮಾಡಲ್ಲ. ಅಕ್ಕ ತಮಗೋಸ್ಕರ ತೆಗೆದ ಫೋಟೋಗಳು ಅವ್ರದ್ದು, ಈಗ ಕಾನೂನಲ್ಲಿ ಫೋಟೋಗೂ ಚಿತ್ರದ ಹಾಗೇ ತೆಗೆದೋರ ಜೀವನ ಪೂರ್ತಿ, ಆಮೇಲೆ 60 ವರ್ಷ ಹಕ್ಕಿದೆ, 2012ರ ತಿದ್ದುಪಡಿ ಆದ್ಮೇಲೆ. ಅವ್ರ ಫೋಟೋ ನೋಡಿ ಮಾಡಿದ ಪೇಂಟಿಂಗ್ ಮಾರಾಟ ಆದ್ರೆ ಅದರಲ್ಲಿ ಅವ್ರಿಗೆ ಪಾಲು, ಕ್ಯಾನ್ವಾಸ್ ಹಿಂದೆ ಅವ್ರ ಹೆಸರು. ನನ್ನ ಪೇಂಟಿಂಗ್‌ಗಳ ಫೋಟೋ ತೆಗೆದಿದ್ದಕ್ಕೆ ನಾನು ದುಡ್ಡು ಕೊಡಲ್ಲ, ಬ್ಯಾಕ್‌ಡ್ರಾಪ್‌ಗೆ ಅವ್ರು ಕೊಡಲ್ಲ.

ಆ ಹಾಳೆ ಬಾಡಿಗೆ ಅಗ್ರಿಮೆಂಟ್ ಫೈಲಲ್ಲೇ ಇದೆ. ಜೊತೆಗೊಬ್ರನ್ನ ಸೇರಿಸ್ಕೊಂಡು ಸ್ಟುಡಿಯೋ ಮಾಡ್ಬೇಕು ಅಂತಿರೋರು ಬಂದು ನೋಡಿ, ಬೇಕಾದ್ರೆ ಫೋಟೋ ತೆಗೆದ್ಕೊಂಡು ಹೋಗಿ. ಪೇಂಟಿಂಗ್ ಬಗ್ಗೆ ಕೇಳೋದಿದ್ರೆ ಬೆಳಿಗ್ಗೆ ಬನ್ನಿ, ಲೈಟಿಂಗ್ ಬಗ್ಗೆ ಆದ್ರೆ ಊಟ ಆದ್ಮೇಲೆ, ಅಕ್ಕ ಇರ್ತಾರೆ.