ಪಿಕ್ಸೀಸ್‌ನ ಯಾವ ಆಲ್ಬಮ್ ಎಲ್ಲಕ್ಕಿಂತ ಮೇಲು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಡೂಲಿಟಲ್. ಉತ್ತರವನ್ನು ಕೊನೆಯವರೆಗೆ ಬಚ್ಚಿಟ್ಟುಕೊಳ್ಳುವ ಅಗತ್ಯವಿಲ್ಲ, ಏಕೆಂದರೆ ಹೆಸರು ಹೇಳಿದ ಮರುಕ್ಷಣವೇ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: "ಹಾಗಾದರೆ ಸರ್ಫರ್ ರೋಸಾ?" ಪಿಕ್ಸೀಸ್ ಅಭಿಮಾನಿಗಳು ಮೂರು ದಶಕಗಳಿಂದ ಎರಡು ಬಣವಾಗಿ ವಾದಿಸುತ್ತಿರುವುದು ಈ ಎರಡು ಆಲ್ಬಮ್‌ಗಳ ಬಗ್ಗೆಯೇ. ಒಂದು ಬಣಕ್ಕೆ 1988ರ ಸರ್ಫರ್ ರೋಸಾದ ಒರಟುತನ ಬೇಕು, ಇನ್ನೊಂದಕ್ಕೆ 1989ರ ಡೂಲಿಟಲ್‌ನ ಹಾಡುಗಳು ಬೇಕು. ಈ ವಾದ ಮುಗಿಯದಿರುವುದಕ್ಕೆ ಕಾರಣ, ಒಬ್ಬರು ರೆಕಾರ್ಡಿಂಗ್ ಬಗ್ಗೆ ಮಾತಾಡುತ್ತಿದ್ದರೆ ಇನ್ನೊಬ್ಬರು ಹಾಡಿನ ಬಗ್ಗೆ ಮಾತಾಡುತ್ತಿರುತ್ತಾರೆ. ಎರಡನ್ನೂ ಬಿಡಿಸಿ ನೋಡಲು ದಾರಿಯಿದೆ.

ಹೊಸಬರಿಗಾಗಿ ಬ್ಯಾಂಡಿನ ಪರಿಚಯ ಚುಟುಕಾಗಿ. 1986ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದ ರಾಕ್ ಬ್ಯಾಂಡ್ ಇದು. ಬ್ಲ್ಯಾಕ್ ಫ್ರಾನ್ಸಿಸ್ ಎಂಬ ಹೆಸರಲ್ಲಿ ಹಾಡುವ ಚಾರ್ಲ್ಸ್ ಥಾಂಪ್ಸನ್, ಗಿಟಾರಿನಲ್ಲಿ ಜೋಯಿ ಸ್ಯಾಂಟಿಯಾಗೊ, ಬೇಸ್‌ನಲ್ಲಿ ಕಿಮ್ ಡೀಲ್, ಡ್ರಮ್ಸ್‌ನಲ್ಲಿ ಡೇವಿಡ್ ಲವರಿಂಗ್. ಬೇಸ್ ನುಡಿಸುವವರು ಬೇಕೆಂದು ಅವರು ಕೊಟ್ಟ ಜಾಹೀರಾತಿನಲ್ಲಿ ಹಸ್ಕರ್ ಡೂ ಮತ್ತು ಪೀಟರ್, ಪಾಲ್ ಅಂಡ್ ಮೇರಿ ಇಬ್ಬರನ್ನೂ ಇಷ್ಟಪಡುವವರು ಬೇಕು ಎಂದಿತ್ತು. ಮೊದಲನೆಯದು ಕಿವಿ ಕಿತ್ತುಹೋಗುವಂತೆ ನುಡಿಸುವ ಪಂಕ್ ತಂಡ, ಎರಡನೆಯದು ಮೂರು ಕಂಠಗಳು ಮೆಲುವಾಗಿ ಕೂಡಿ ಹಾಡುವ ಜಾನಪದ ಶೈಲಿಯ ತಂಡ. ಪಿಕ್ಸೀಸ್ ಎಂದರೇನು ಎಂಬುದಕ್ಕೆ ಆ ಒಂದು ಸಾಲಿಗಿಂತ ಒಳ್ಳೆಯ ವಿವರಣೆ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಬೇಸ್ ನುಡಿಸಿಯೇ ಇರದಿದ್ದ ಕಿಮ್ ಡೀಲ್ ಅದನ್ನು ನೋಡಿ ಬಂದವರು.

ಮೊದಲು ಸರ್ಫರ್ ರೋಸಾ. 1987ರ ಡಿಸೆಂಬರ್‌ನಲ್ಲಿ ಬಾಸ್ಟನ್‌ನ ಕ್ಯೂ ಡಿವಿಷನ್ ಸ್ಟುಡಿಯೋದಲ್ಲಿ, ಹತ್ತು ದಿನಗಳ ಆಸುಪಾಸಿನಲ್ಲಿ ಸ್ಟೀವ್ ಆಲ್ಬಿನಿ ಇದನ್ನು ರೆಕಾರ್ಡ್ ಮಾಡಿದರು. ಅವರು ತೆಗೆದುಕೊಂಡದ್ದು 1,500 ಡಾಲರ್ ಒಂದೇ ಗಂಟು. ಆಮೇಲಿನ ಮಾರಾಟದಲ್ಲಿ ಪಾಲು ಬೇಡವೆಂದರು. ಆಲ್ಬಿನಿಯ ಕೆಲಸ ಕೇಳಿಸುವುದು ಡ್ರಮ್ಸ್‌ನಲ್ಲಿ. ವಾದ್ಯಕ್ಕೆ ಅಂಟಿಕೊಂಡಂತೆ ಇಟ್ಟ ಮೈಕ್‌ಗಳ ಜೊತೆಗೆ ಕೋಣೆಯಲ್ಲಿ ದೂರ ದೂರ ಇಟ್ಟ ಮೈಕ್‌ಗಳ ಸದ್ದನ್ನೂ ಅವರು ಧಾರಾಳವಾಗಿ ಬೆರೆಸುತ್ತಿದ್ದರು. ಆದ್ದರಿಂದಲೇ ಮೊದಲ ಹಾಡು ಬೋನ್ ಮಷೀನ್ ಶುರುವಾದಾಗ ಡ್ರಮ್ಸ್ ಅಲ್ಲ, ಡ್ರಮ್ಸ್ ಇರುವ ಕೋಣೆಯೇ ಕೇಳಿಸುತ್ತದೆ. ಜೈಗ್ಯಾಂಟಿಕ್ ಮತ್ತು ವೇರ್ ಈಸ್ ಮೈ ಮೈಂಡ್ ಹಾಡುಗಳ ದನಿಗಳಿಗೆ ಪ್ರತಿಧ್ವನಿ ಬೇಕಾದಾಗ ಯಂತ್ರವನ್ನು ಬಳಸದೆ ಸ್ಟುಡಿಯೋದ ಬಚ್ಚಲುಮನೆಯನ್ನೇ ಬಳಸಿಕೊಂಡರು. ಸಮ್‌ಥಿಂಗ್ ಅಗೆನ್ಸ್ಟ್ ಯೂ ಹಾಡಿನಲ್ಲಿ ಫ್ರಾನ್ಸಿಸ್ ದನಿಯನ್ನು ಗಿಟಾರ್ ಆಂಪ್ಲಿಫೈಯರ್ ಮೂಲಕ ಹಾಯಿಸಿದ್ದಾರೆ. ದನಿ ಹರಿದು ಚಿಂದಿಯಾದಂತೆ ಕೇಳಿಸುವುದು ಅದರಿಂದ.

ಈ ಆಲ್ಬಮ್ಮಿನ ಡ್ರಮ್ಸ್ ಸದ್ದಿಗೆ ಸಾಟಿಯಾದದ್ದನ್ನು ಪಿಕ್ಸೀಸ್ ಮತ್ತೆ ಮಾಡಲಿಲ್ಲ, ಇದನ್ನು ಒಪ್ಪಲೇಬೇಕು. ನಿರ್ವಾಣ ಬ್ಯಾಂಡಿನ ಗಾಯಕ ಕರ್ಟ್ ಕೋಬೇನ್ ತನ್ನ ಅಚ್ಚುಮೆಚ್ಚಿನ ಆಲ್ಬಮ್‌ಗಳ ಪಟ್ಟಿಯಲ್ಲಿ ಇದನ್ನು ಬರೆದುಕೊಂಡಿದ್ದರು. 1993ರಲ್ಲಿ ನಿರ್ವಾಣ ತನ್ನ ಇನ್ ಯೂಟೆರೋ ಆಲ್ಬಮ್ಮಿಗೆ ಆಲ್ಬಿನಿಯನ್ನೇ ಕರೆಸಿಕೊಂಡಿತು. ಸರ್ಫರ್ ರೋಸಾ ಬಣದವರು ಇಲ್ಲಿಗೆ ವಾದ ಮುಗಿಯಿತು ಎನ್ನುತ್ತಾರೆ. ಆದರೆ ಒಂದು ಆಲ್ಬಮ್ ಎಷ್ಟು ಜನರ ಮೇಲೆ ಪ್ರಭಾವ ಬೀರಿತು ಎಂಬುದು ಬೇರೆ, ಅದು ಮೊದಲಿಂದ ಕೊನೆಯವರೆಗೆ ಎಷ್ಟು ಗಟ್ಟಿ ಎಂಬುದು ಬೇರೆ. ಸರ್ಫರ್ ರೋಸಾದಲ್ಲಿ 13 ಹಾಡುಗಳಿವೆ, ಸುಮಾರು 33 ನಿಮಿಷ. ಎಲ್‌ಪಿಯ (ಎರಡು ಬದಿಯ ಗ್ರಾಮಫೋನ್ ತಟ್ಟೆಯ) ಮೊದಲ ಬದಿಯಲ್ಲಿ ಒಂದು ಹಾಡನ್ನೂ ತೆಗೆಯುವ ಹಾಗಿಲ್ಲ. ಎರಡನೇ ಬದಿ ವೇರ್ ಈಸ್ ಮೈ ಮೈಂಡ್, ಕ್ಯಾಕ್ಟಸ್ ಎಂಬ ಎರಡು ಅಪರೂಪದ ಹಾಡುಗಳಿಂದ ಶುರುವಾಗಿ, ಟೋನೀಸ್ ಥೀಮ್‌ನಿಂದ ಮುಂದೆ ಸಡಿಲವಾಗುತ್ತದೆ. ವಾಮೋಸ್ ಅಂತೂ ಹಿಂದಿನ ವರ್ಷದ ಕಮ್ ಆನ್ ಪಿಲ್‌ಗ್ರಿಮ್ ಎಂಬ ಕಿರು ಆಲ್ಬಮ್ಮಿನಲ್ಲೇ ಇದ್ದ ಹಾಡು, ಇಲ್ಲಿ ಮತ್ತೆ ನುಡಿಸಿದ್ದಾರೆ. ಸ್ಯಾಂಟಿಯಾಗೊ ಗಿಟಾರಿನ ಹುಚ್ಚಾಟಕ್ಕಾಗಿ ಅದನ್ನು ಕೇಳಬೇಕು, ನಿಜ. ಹಾಡಾಗಿ ಅದು ಹೊಸದೇನನ್ನೂ ತರುವುದಿಲ್ಲ.

ಈಗ ಹಾಡನ್ನೂ ರೆಕಾರ್ಡಿಂಗನ್ನೂ ಬಿಡಿಸುವ ದಾರಿ. ಪಿಕ್ಸೀಸ್ ತಮ್ಮ ಕೆಲವು ಹಾಡುಗಳನ್ನು ಎರಡೆರಡು ಸಲ, ಬೇರೆ ಬೇರೆ ಪ್ರೊಡ್ಯೂಸರ್‌ಗಳ (ರೆಕಾರ್ಡಿಂಗನ್ನು ರೂಪಿಸುವವರ) ಜೊತೆ ರೆಕಾರ್ಡ್ ಮಾಡಿದ್ದಾರೆ. ಅದೇ ನಮ್ಮ ತಕ್ಕಡಿ. ಜೈಗ್ಯಾಂಟಿಕ್ 1988ರಲ್ಲಿ ಸಿಂಗಲ್ ಆಗಿ, ಅಂದರೆ ಆಲ್ಬಮ್ಮಿನಿಂದ ಬಿಡಿಯಾಗಿ ಬಂದಾಗ ಆಲ್ಬಿನಿಯ ರೆಕಾರ್ಡಿಂಗನ್ನು ಬಳಸಲಿಲ್ಲ. ಮುಂದೆ ಡೂಲಿಟಲ್ ಮಾಡಲಿದ್ದ ಗಿಲ್ ನಾರ್ಟನ್ ಜೊತೆ ಹೊಸದಾಗಿ ನುಡಿಸಿದರು, ರಿವರ್ ಯುಫ್ರೇಟಿಸ್ ಹಾಡನ್ನೂ ಕೂಡ. ಈ ಎರಡನೇ ಯುಫ್ರೇಟಿಸ್ 2001ರ ಕಂಪ್ಲೀಟ್ ಬಿ ಸೈಡ್ಸ್ ಸಂಗ್ರಹದ ಮೊದಲ ಹಾಡು. ಅದನ್ನೂ ಆಲ್ಬಮ್ಮಿನದನ್ನೂ ಬೆನ್ನಬೆನ್ನಿಗೆ ಕೇಳಿ. ಕೇಳುವಾಗ ಗಮನವೆಲ್ಲ ಒಂದೇ ಕಡೆ ಇರಲಿ: ದನಿ ವಾದ್ಯಗಳ ಎದುರು ನಿಂತಿದೆಯೋ, ನಡುವೆ ಮುಳುಗಿದೆಯೋ? ಆಲ್ಬಿನಿಯದರಲ್ಲಿ ದನಿಯೂ ಇನ್ನೊಂದು ವಾದ್ಯ. ನಾರ್ಟನ್‌ನದರಲ್ಲಿ ದನಿ ಮುಂದೆ ಬರುತ್ತದೆ, ಕೋಣೆ ಹಿಂದೆ ಸರಿಯುತ್ತದೆ. ಈ ಎರಡು ಹಾಡುಗಳ ಮಟ್ಟಿಗೆ ಆಲ್ಬಿನಿಯೇ ಗೆಲ್ಲುತ್ತಾರೆ. ಡೂಲಿಟಲ್ ಪಕ್ಷದವರು ಇದನ್ನು ಮುಚ್ಚಿಡಬಾರದು.

ಇನ್ನೊಂದು ಜೋಡಿ ಹಿಯರ್ ಕಮ್ಸ್ ಯುವರ್ ಮ್ಯಾನ್. 1987ರ ಮಾರ್ಚ್‌ನಲ್ಲಿ ಫೋರ್ಟ್ ಅಪಾಚಿ ಸ್ಟುಡಿಯೋದಲ್ಲಿ ಗ್ಯಾರಿ ಸ್ಮಿತ್ ಜೊತೆ ಮಾಡಿದ, ಅಭಿಮಾನಿಗಳು ಪರ್ಪಲ್ ಟೇಪ್ ಎನ್ನುವ ಡೆಮೋದಲ್ಲಿ (ಮಾದರಿ ರೆಕಾರ್ಡಿಂಗ್‌ನಲ್ಲಿ) ಈ ಹಾಡು ಆಗಲೇ ಇತ್ತು. ಬ್ರಿಟನ್ನಿನ 4ಎಡಿ ರೆಕಾರ್ಡ್ ಕಂಪನಿಯ ಐವೋ ವಾಟ್ಸ್-ರಸೆಲ್ ಆ ಟೇಪಿನಿಂದ ಎಂಟು ಹಾಡು ಆರಿಸಿ ಕಮ್ ಆನ್ ಪಿಲ್‌ಗ್ರಿಮ್ ಮಾಡಿದರು, ಇದನ್ನು ಬಿಟ್ಟರು. ಉಳಿದ ಒಂಬತ್ತು ಹಾಡು ಹೊರಬಂದದ್ದು 2002ರಲ್ಲಿ. ಆ ಡೆಮೋ ಕೇಳಿದ ಮೇಲೆ ಡೂಲಿಟಲ್‌ನದನ್ನು ಕೇಳಿದರೆ, ನಾರ್ಟನ್ ಮಾಡಿದ್ದು ಬರೀ ಹೊಳಪು ಕೊಡುವ ಕೆಲಸವಲ್ಲ ಎಂಬುದು ತಿಳಿಯುತ್ತದೆ. ಯಾವ ವಾದ್ಯ ಯಾವಾಗ ಬರಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಅವರು ಗೆರೆ ಎಳೆದಂತೆ ತೀರ್ಮಾನಿಸಿದ್ದಾರೆ.

ಆ ತೀರ್ಮಾನಗಳು ನಡೆದದ್ದು ಸ್ಟುಡಿಯೋಗೆ ಹೋಗುವ ಮೊದಲೇ. 1988ರ ಅಕ್ಟೋಬರ್‌ನಲ್ಲಿ ಬಾಸ್ಟನ್‌ಗೆ ಬಂದ ನಾರ್ಟನ್, ಎರಡು ದಿನ ಫ್ರಾನ್ಸಿಸ್ ಮನೆಯಲ್ಲಿ ಕೂತು ಒಂದೊಂದು ಹಾಡಿನ ಕಟ್ಟನ್ನೂ ಬಿಡಿಸಿ ನೋಡಿದರು. ಆಮೇಲೆ ಎರಡು ವಾರ ಬ್ಯಾಂಡಿನ ಜೊತೆ ತಯಾರಿ. ರೆಕಾರ್ಡಿಂಗ್ ನಡೆದದ್ದು ಅಕ್ಟೋಬರ್ 31ರಿಂದ ನವೆಂಬರ್ 23ರವರೆಗೆ, ಡೌನ್‌ಟೌನ್ ರೆಕಾರ್ಡರ್ಸ್‌ನಲ್ಲಿ. ಖರ್ಚು 40,000 ಡಾಲರ್, ಸರ್ಫರ್ ರೋಸಾದ ನಾಲ್ಕರಷ್ಟು. ಹಾಡುಗಳನ್ನು ಉದ್ದ ಮಾಡೋಣ ಎಂದು ನಾರ್ಟನ್ ಒತ್ತಾಯಿಸಿದಾಗ ಫ್ರಾನ್ಸಿಸ್ ಅವರನ್ನು ಅಂಗಡಿಗೆ ಕರೆದೊಯ್ದು ಐವತ್ತರ ದಶಕದ ರಾಕ್ ಗಾಯಕ ಬಡ್ಡಿ ಹಾಲಿಯ ರೆಕಾರ್ಡ್ ತೋರಿಸಿದರಂತೆ: ಇವೂ ಎರಡು ನಿಮಿಷದ ಹಾಡುಗಳೇ ತಾನೆ? ಈ ಜಗ್ಗಾಟದಿಂದ ಆಲ್ಬಮ್ಮಿಗೆ ಲಾಭವೇ ಆಯಿತು. 15 ಹಾಡು, 39 ನಿಮಿಷಕ್ಕೂ ಕಡಿಮೆ. ಅತಿ ಉದ್ದದ ನಂಬರ್ 13 ಬೇಬಿ ಕೂಡ ನಾಲ್ಕು ನಿಮಿಷ ಮುಟ್ಟುವುದಿಲ್ಲ.

ಪಿಕ್ಸೀಸ್ ಎಂದೊಡನೆ ಎಲ್ಲರೂ ಹೇಳುವುದು ಮೆಲುದನಿಯ ಚರಣ, ಅಬ್ಬರದ ಪಲ್ಲವಿ ಎಂದು. ನಿರ್ವಾಣದ ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್ ಹಾಡು ಬರೆಯುವಾಗ ಪಿಕ್ಸೀಸನ್ನು ಕದಿಯಲು ನೋಡಿದೆ ಎಂದು ಕೋಬೇನ್ ಒಪ್ಪಿಕೊಂಡದ್ದೂ ಇದನ್ನೇ. ಆದರೆ ಇದರ ಮರ್ಮ ಬರೀ ಸದ್ದಿನ ಏರಿಳಿತದಲ್ಲಿಲ್ಲ. ಟೇಮ್ ಹಾಡನ್ನು ತೆಗೆದುಕೊಳ್ಳಿ, ಎರಡು ನಿಮಿಷಕ್ಕೂ ಚಿಕ್ಕದು. ಕಿಮ್ ಡೀಲ್‌ನ ಬೇಸ್ ಮೂರು ಸ್ವರಗಳನ್ನು ಹಿಡಿದು ಹಾಡಿನುದ್ದಕ್ಕೂ ಅವನ್ನೇ ಸುತ್ತುತ್ತದೆ. ಚರಣ ಮುಗಿದು ಪಲ್ಲವಿ ಬಂದರೂ ಬೇಸ್ ದಾರಿ ಬದಲಿಸುವುದಿಲ್ಲ. ಬದಲಾಗುವುದು ಅದರ ಮೇಲೆ ಬಂದು ಬೀಳುವ ಗಿಟಾರ್ ಮತ್ತು ಪಿಸುಮಾತಿನಿಂದ ಒಮ್ಮೆಲೇ ಕಿರುಚಾಟಕ್ಕೆ ಹಾರುವ ಫ್ರಾನ್ಸಿಸ್ ದನಿ. ಕಾಲ ಕೆಳಗಿನ ನೆಲ ಅಲುಗಾಡುವುದಿಲ್ಲ, ಅದಕ್ಕೇ ಮೇಲಿನ ಸಿಡಿತ ಅಷ್ಟು ಜೋರಾಗಿ ತಾಕುತ್ತದೆ. ಇದನ್ನು ಅನುಕರಿಸಿದ ಎಷ್ಟೋ ಬ್ಯಾಂಡ್‌ಗಳು ಸೋತದ್ದು ಇಲ್ಲಿಯೇ: ಪಲ್ಲವಿಯಲ್ಲಿ ಎಲ್ಲ ವಾದ್ಯಗಳನ್ನೂ ಒಟ್ಟಿಗೆ ಎತ್ತರಿಸಿದರೆ ಸದ್ದು ಹೆಚ್ಚುತ್ತದೆ, ಬಿಗಿ ಹೆಚ್ಚುವುದಿಲ್ಲ.

ಡೂಲಿಟಲ್‌ನ ಇನ್ನೊಂದು ಬಲ ಹಾಡುಗಳ ಕ್ರಮ. ಮಂಕಿ ಗಾನ್ ಟು ಹೆವನ್‌ನ ಪಿಟೀಲು, ಚೆಲ್ಲೋಗಳ ಗಾಂಭೀರ್ಯದಲ್ಲಿ ಮೊದಲ ಬದಿ ಮುಗಿಯುತ್ತದೆ. ಎರಡನೇ ಬದಿ ಮಿಸ್ಟರ್ ಗ್ರೀವ್ಸ್‌ನೊಂದಿಗೆ ಎಡವುತ್ತಾ ನಡೆಯುವವರಂತೆ ಶುರುವಾಗುತ್ತದೆ. ಕೊನೆಗೆ ಹೇ ಹಾಡಿನ ಬರಿದಾದ ನಡೆ, ಡೀಲ್ ಜೊತೆಗೂಡಿ ಬರೆದ ಸಿಲ್ವರ್‌ನ ಒಣ ಬಯಲು, ಅಲ್ಲಿಂದ ಗೌಜ್ ಅವೇ. ಸಿಲ್ವರ್ ಅನ್ನು ಬೇರೆ ಎಲ್ಲೇ ಇಟ್ಟಿದ್ದರೂ ಅದು ಸಪ್ಪೆಯಾಗುತ್ತಿತ್ತು. ಅಲ್ಲಿ, ಹದಿನಾಲ್ಕನೆಯದಾಗಿ, ಅದು ಉಸಿರು ಹಿಡಿಸುತ್ತದೆ. ಕುಂದು ಇಲ್ಲವೇ? ಇದೆ. ದೇರ್ ಗೋಸ್ ಮೈ ಗನ್ ಮೊದಲು ಬಹಳ ವೇಗದ ಹಾಡಾಗಿತ್ತು, ನಾರ್ಟನ್ ಮಾತಿನಂತೆ ನಿಧಾನಿಸಿದರು. ಆ ಸಲಹೆ ಸರಿಯಾಗಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಇದ್ದುದರಲ್ಲಿ ದುರ್ಬಲ ಹಾಡು ಅದೇ.

ಮೂರನೇ ಸ್ಥಾನಕ್ಕೆ ನನ್ನ ಆಯ್ಕೆ ಹೆಚ್ಚಿನವರಿಗೆ ಹಿಡಿಸುವುದಿಲ್ಲ: 1991ರ ಟ್ರೋಂಪ್ ಲ ಮೋಂಡ್. ಕಿಮ್ ಡೀಲ್ ದನಿ ಇಲ್ಲಿ ತೀರಾ ಕಡಿಮೆ ಎಂಬ ದೂರು ನ್ಯಾಯವಾದದ್ದು. ಆದರೆ ಎರಿಕ್ ಡ್ರೂ ಫೆಲ್ಡ್‌ಮನ್‌ನ ಕೀಬೋರ್ಡ್ ಬಂದು ಬ್ಯಾಂಡಿನ ಸದ್ದು ಲೋಹದಂತೆ ಗಡುಸಾಯಿತು. ಅಲೆಕ್ ಐಫೆಲ್, ಪ್ಲಾನೆಟ್ ಆಫ್ ಸೌಂಡ್, ಮೋಟರ್‌ವೇ ಟು ರಾಸ್‌ವೆಲ್ ಕೇಳಿ ಆಮೇಲೆ ಹೇಳಿ. ಸ್ಪೇಸ್ ಎಂಬ ಹಾಡಿನಲ್ಲಿ ಚಾಪೆಯ ಮೇಲೆ ತಬಲಾ ಹಿಡಿದು ಕೂತವನೊಬ್ಬನೂ ಬರುತ್ತಾನೆ. 1990ರ ಬೋಸಾನೋವಾ ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಏರಿತು, ಡೂಲಿಟಲ್ (8) ಏರಿದ್ದಕ್ಕಿಂತ ಮೇಲೆ. ಥೆರೆಮಿನ್ ಎಂಬ, ಮುಟ್ಟದೆ ನುಡಿಸುವ ವಾದ್ಯವಿರುವ ವೆಲೂರಿಯಾ ಅದರಲ್ಲಿದೆ. ಆದರೂ ಹಲವು ಹಾಡುಗಳನ್ನು ಸ್ಟುಡಿಯೋದಲ್ಲೇ ಕೂತು ಬರೆದ ಅವಸರ ಅದರ ನಡುಭಾಗದಲ್ಲಿ ಕಾಣುತ್ತದೆ. ಮಿಕ್ಸ್ ಸುಂದರ, ಹಾಡುಗಳು ಅರೆಬೆಂದವು. ಕಮ್ ಆನ್ ಪಿಲ್‌ಗ್ರಿಮ್‌ ಅನ್ನು ಈ ಪೈಪೋಟಿಗೆ ಸೇರಿಸುವುದು ಸರಿಯಲ್ಲ, ಅದು ಆರಿಸಿದ ಡೆಮೋ.

1993ರಲ್ಲಿ ಒಡೆದ ಬ್ಯಾಂಡ್ 2004ರಲ್ಲಿ ಮತ್ತೆ ಸೇರಿತು, 2013ರಲ್ಲಿ ಕಿಮ್ ಡೀಲ್ ಹೊರಟರು. 2014ರ ಇಂಡಿ ಸಿಂಡಿಯಿಂದ ಈಚಿನವುಗಳಲ್ಲಿ 2019ರ ಬಿನೀತ್ ದಿ ಐರಿಯನ್ನು ಕೇಳಿದರೆ ಸಾಕು.

ಕೇಳಿ ನಿರ್ಧರಿಸುವವರಿಗೆ ಕೆಲವು ಎಚ್ಚರಿಕೆಗಳು. ಬೇರೆ ಬೇರೆ ಆಲ್ಬಮ್ಮಿನ ಹಾಡುಗಳನ್ನು ಕಲಸಿ ಕೇಳಬೇಡಿ. ಎಂಬತ್ತರ ದಶಕದ ಸಿಡಿಗಳ ಸದ್ದಿನ ಮಟ್ಟ ಈಗಿನವಕ್ಕಿಂತ ಕೆಳಗಿರುತ್ತದೆ, ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಹೋಲಿಸುವಾಗ ಎರಡರ ಒಟ್ಟು ಸದ್ದೂ ಒಂದೇ ಮಟ್ಟಕ್ಕೆ ಬರುವಂತೆ ವಾಲ್ಯೂಮ್ ಹೊಂದಿಸಿಕೊಳ್ಳಿ. ಸ್ಟ್ರೀಮಿಂಗ್ ಆಪ್ ವಾಲ್ಯೂಮನ್ನು ತಾನೇ ಸರಿದೂಗಿಸುವುದಾದರೆ ಹಾಡುಹಾಡಿಗೆ ಅಲ್ಲ, ಇಡೀ ಆಲ್ಬಮ್ಮಿಗೆ ಸರಿದೂಗಿಸುವ ಆಯ್ಕೆಯನ್ನು ಇಟ್ಟುಕೊಳ್ಳಿ, ಇಲ್ಲದಿದ್ದರೆ ಮೆಲುವಾದ ಹಾಡುಗಳನ್ನೂ ಅದು ಎತ್ತರಿಸಿಬಿಡುತ್ತದೆ. 4ಎಡಿಯ ಮೊದಲ ಸಿಡಿಯಲ್ಲಿ ಸರ್ಫರ್ ರೋಸಾ, ಕಮ್ ಆನ್ ಪಿಲ್‌ಗ್ರಿಮ್ ಎರಡೂ ಒಂದೇ ತಟ್ಟೆಯಲ್ಲಿ ಬಂದಿದ್ದವು. ಅದನ್ನು ಕೇಳಿ ಬೆಳೆದವರು 21 ಹಾಡಿನ ಒಂದು ಆಲ್ಬಮ್ ಎಂದು ನೆನಪಿಟ್ಟಿರುತ್ತಾರೆ. ಸರ್ಫರ್ ರೋಸಾ ಮುಗಿಯುವುದು ಬ್ರಿಕ್ ಈಸ್ ರೆಡ್‌ನಲ್ಲಿ, ಅಲ್ಲಿಗೆ ನಿಲ್ಲಿಸಿ. ಡೂಲಿಟಲ್ ಹಾಕಿದಾಗ, ಮುಂದಿನ ಹಾಡನ್ನು ತಾನಾಗಿಯೇ ಶುರುಮಾಡುವ ಆಯ್ಕೆಯನ್ನು ಮೊದಲೇ ಆಫ್ ಮಾಡಿಬಿಡಿ. ಗೌಜ್ ಅವೇ ಮುಗಿದ ಮೇಲಿನ ನಿಶ್ಶಬ್ದದಲ್ಲಿ ಬೇರೆ ಯಾರೂ ಬಂದು ಹಾಡಬಾರದು.