ಇಟ್ಟಿಗೆ ಕೋಟೆಯೊಳಗೆ ಡೆತ್‌ಕೋರ್: ಯೋಸೆಫೊವ್‌ಗೆ ಒಂದು ಪ್ರವಾಸ

ಆಗಸ್ಟ್ ಮೊದಲ ಭಾಗದಲ್ಲಿ ಚೆಕ್ ಗಣರಾಜ್ಯದ ರಾಜಧಾನಿ ಪ್ರಾಗ್‌ನ ಮುಖ್ಯ ರೈಲು ನಿಲ್ದಾಣಕ್ಕೆ ಹೋದವರು ಟ್ರುಟ್ನೊವ್ ರೈಲಿನ ಪ್ಲಾಟ್‌ಫಾರ್ಮ್ ಹುಡುಕಲು ಬೋರ್ಡ್ ನೋಡಬೇಕಾಗಿಲ್ಲ. ಕಪ್ಪು ಟೀ ಶರ್ಟುಗಳ ಸಾಲು ಎತ್ತ ಹೋಗುತ್ತದೋ ಅತ್ತ ನಡೆದರಾಯಿತು. ಬೆನ್ನಿಗೆ ಮಡಚಿದ ಡೇರೆ, ಕೈಯಲ್ಲಿ ನೀರಿನ ಕ್ಯಾನು, ಎದೆಯ ಮೇಲೆ ಮುಳ್ಳುಕಂಟಿ ಹೆಣೆದಂತೆ ಕಾಣುವ, ಓದಲು ಬಾರದ ತಂಡದ ಹೆಸರು. ಇವರೆಲ್ಲ ಇಳಿಯುವುದು ಯಾರೊಮ್ಯೆರ್ಶ್ ಎಂಬ ಸಣ್ಣ ಊರಲ್ಲಿ. ಅದರ ಭಾಗವೇ ಆದ ಯೋಸೆಫೊವ್ ಕೋಟೆಯಲ್ಲಿ 2007ರಿಂದ ಬ್ರೂಟಲ್ ಅಸಾಲ್ಟ್ ಮೆಟಲ್ ಹಬ್ಬ ನಡೆಯುತ್ತಿದೆ. ಹಬ್ಬ ಶುರುವಾದದ್ದು 1996ರಲ್ಲಿ, ಕೋಟೆಗೆ ಬಂದದ್ದು ಆಮೇಲೆ.

ಡೆತ್‌ಕೋರ್ ಎಂಬ ಮೆಟಲ್ ಪ್ರಕಾರ ಇನ್ನೂ ಬದುಕಿದೆಯೇ ಎಂದು ಕೇಳುವವರನ್ನು ಕರೆದೊಯ್ಯಬೇಕಾದ ಜಾಗ ಇದು. ಡೆತ್‌ಕೋರ್‌ಗೆಂದೇ ಮೀಸಲಾದ ಹಬ್ಬಕ್ಕೆ ಹೋದರೆ ಉತ್ತರ ಸಿಗುವುದಿಲ್ಲ, ಅಲ್ಲಿಗೆ ಬರುವವರೆಲ್ಲ ಅದರ ಅಭಿಮಾನಿಗಳೇ. ಡೆತ್ ಮೆಟಲ್, ಬ್ಲ್ಯಾಕ್ ಮೆಟಲ್, ಗ್ರೈಂಡ್‌ಕೋರ್ ಕೇಳುವ ಜನರ ಮಧ್ಯೆ, ಅದೇ ಮೈದಾನದಲ್ಲಿ, ಬಿಸಿಲಲ್ಲಿ ನಿಂತು ಡೆತ್‌ಕೋರ್ ತಂಡ ಎಷ್ಟು ಜನರನ್ನು ಹಿಡಿದಿಡುತ್ತದೆ ಎಂದು ನೋಡಬೇಕು. ಒಂದು ಕಾಲಕ್ಕೆ ಇದೇ ಜನ ಈ ಹೆಸರು ಕೇಳಿದರೆ ಮೂಗು ಮುರಿಯುತ್ತಿದ್ದರು.

ಪ್ರಾಗ್‌ನಿಂದ ಯಾರೊಮ್ಯೆರ್ಶ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ, ದಾರಿ ಹ್ರಾದೆಟ್ಸ್ ಕ್ರಾಲೊವೆ ಮೂಲಕ. ಕಿಟಕಿಯಾಚೆ ಸಪಾಟು ಹೊಲ, ನಡುನಡುವೆ ಲಾಬೆ ನದಿ. ಜರ್ಮನಿಗೆ ದಾಟಿದ ಮೇಲೆ ಎಲ್ಬೆ ಅನ್ನಿಸಿಕೊಳ್ಳುವುದು ಇದೇ ನದಿ. ಈ ಎರಡು ಗಂಟೆ ಈ ಸಂಗೀತದ ಹಿನ್ನೆಲೆ ನೆನಪಿಸಿಕೊಳ್ಳಲು ಸಾಕು. ಡೆತ್ ಮೆಟಲ್‌ನ ಗೊಗ್ಗರು ಗಂಟಲು ಮತ್ತು ಬ್ಲಾಸ್ಟ್ ಬೀಟ್ ಎಂಬ ಅತಿವೇಗದ ಡ್ರಮ್ ಹೊಡೆತವನ್ನು ಹಾರ್ಡ್‌ಕೋರ್ ಪಂಕ್‌ನ ಬ್ರೇಕ್‌ಡೌನ್‌ಗೆ, ಅಂದರೆ ಹಾಡು ದಿಢೀರನೆ ನಿಧಾನವಾಗಿ ಭಾರವಾಗುವ ಭಾಗಕ್ಕೆ, ಬೆಸೆದದ್ದು ಡೆತ್‌ಕೋರ್. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಸೂಸೈಡ್ ಸೈಲೆನ್ಸ್, ಕೆನಡಾದ ಮಾಂಟ್ರಿಯಲ್‌ನಲ್ಲಿ ಡಿಸ್ಪೈಸ್ಡ್ ಐಕಾನ್ ಎರಡೂ ಹುಟ್ಟಿದ್ದು 2002ರಲ್ಲಿ. ಟೆನೆಸ್ಸಿಯ ನಾಕ್ಸ್‌ವಿಲ್‌ನಿಂದ ವೈಟ್‌ಚಾಪೆಲ್, ಸಿಡ್ನಿಯಿಂದ ದೈ ಆರ್ಟ್ ಈಸ್ ಮರ್ಡರ್ ಬಂದದ್ದು 2006ರಲ್ಲಿ. ಆಗ ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದ ಕಾಲ. ಒಂದು ಹಾಡು ಹಾಕಿದರೆ ಮರುದಿನ ಬೇರೆ ಖಂಡದಲ್ಲಿ ಅದನ್ನು ಕೇಳುವವರಿದ್ದರು.

ಇಳಿಜಾರೂ ಇದೇ ದಾರಿಯಲ್ಲೇ ಬಂತು. ಎಲ್ಲರೂ ಒಂದೇ ತರಹದ ಬ್ರೇಕ್‌ಡೌನ್ ಬರೆಯತೊಡಗಿದರು. ಹಾಡಿಗಾಗಿ ಬ್ರೇಕ್‌ಡೌನ್ ಹೋಗಿ ಬ್ರೇಕ್‌ಡೌನ್‌ಗಾಗಿ ಹಾಡು ಎಂಬಂತಾಯಿತು. ಬ್ರಿಂಗ್ ಮಿ ದ ಹೊರೈಜನ್ 2006ರ ಮೊದಲ ಆಲ್ಬಮ್ ಆದಮೇಲೆ ಮೆಲ್ಲಗೆ ಬೇರೆ ದಿಕ್ಕಿಗೆ ಹೊರಳಿತು. ಸೂಸೈಡ್ ಸೈಲೆನ್ಸ್‌ನ ಗಾಯಕ ಮಿಚ್ ಲಕ್ಕರ್ 2012ರ ನವೆಂಬರ್ 1ರಂದು ಬೈಕ್ ಅಪಘಾತದಲ್ಲಿ ತೀರಿಕೊಂಡರು. ಈ ಸಂಗೀತದ ಮುಖವೇ ಕಣ್ಮರೆಯಾದಂತಾಯಿತು. 2017ರಲ್ಲಿ ಅದೇ ತಂಡ ಅಬ್ಬರಿಸದ ಸಾದಾ ಗಾಯನ ತುಂಬಿದ ಆಲ್ಬಮ್ ತಂದಾಗ ಹಳೆಯ ಅಭಿಮಾನಿಗಳು ಬಹಿರಂಗವಾಗಿಯೇ ತಿರುಗಿಬಿದ್ದರು. ಡೆತ್‌ಕೋರ್ ಮುಗಿಯಿತು ಎಂಬ ಮಾತು ಗಟ್ಟಿಯಾಗಿ ಕೇಳಿದ್ದು ಈ ವರ್ಷಗಳಲ್ಲೇ.

ಯಾರೊಮ್ಯೆರ್ಶ್ ನಿಲ್ದಾಣದಿಂದ ಕೋಟೆ ಎರಡು-ಮೂರು ಕಿಲೋಮೀಟರ್. ಹಬ್ಬದ ದಿನಗಳಲ್ಲಿ ಬಸ್ ಸಿಗುತ್ತದೆ, ಆದರೆ ಸಾಮಾನು ಹಗುರವಿದ್ದರೆ ನಡೆಯುವುದೇ ಲೇಸು. ಇಟ್ಟಿಗೆಯ ಗೋಡೆಗಳು ಒಮ್ಮೆಲೇ ಎದ್ದು ಕಾಣುವುದಿಲ್ಲ. ಫಿರಂಗಿ ಗುಂಡಿಗೆ ಸಿಗದಂತೆ ಕೋಟೆಯನ್ನು ಮಣ್ಣಿನ ದಿಬ್ಬಗಳ ಹಿಂದೆ ತಗ್ಗಿಸಿ ಕಟ್ಟಿದ್ದಾರೆ. ಪ್ರಷ್ಯಾದ ಸೇನೆಯನ್ನು ತಡೆಯಲೆಂದು ಚಕ್ರವರ್ತಿ ಎರಡನೇ ಜೋಸೆಫ್ 1780ರಲ್ಲಿ ಕಟ್ಟಿಸಲು ಶುರುಮಾಡಿ 1787ರ ಹೊತ್ತಿಗೆ ಮುಗಿಸಿದ. 1780ರಲ್ಲೇ ಕೆಲಸ ಶುರುವಾದ ಇದರ ಜೋಡಿ ಕೋಟೆ ಟೆರೆಜಿನ್, ಅದಕ್ಕೆ ಅವನ ತಾಯಿಯ ಹೆಸರು. ಯೋಸೆಫೊವ್‌ಗೆ ಮುತ್ತಿಗೆ ಬೀಳಲೇ ಇಲ್ಲ. ನೆಲದಡಿಯಲ್ಲಿ ಹತ್ತಾರು ಕಿಲೋಮೀಟರ್ ಸುರಂಗ ಕೊರೆದಿದ್ದಾರೆ, ಒಂದಷ್ಟು ಭಾಗಕ್ಕೆ ಪ್ರವಾಸಿಗರನ್ನು ಬಿಡುತ್ತಾರೆ. ಸುಡುಬಿಸಿಲಿನ ಮಧ್ಯಾಹ್ನ ಅಲ್ಲಿಗೆ ಇಳಿಯಿರಿ, ಸ್ವೆಟರ್ ಮರೆಯಬೇಡಿ.

ದೊಡ್ಡ ವೇದಿಕೆಗಳೆರಡು ಅಕ್ಕಪಕ್ಕದಲ್ಲಿವೆ. ಒಂದರಲ್ಲಿ ತಂಡ ನುಡಿಸುತ್ತಿರುವಾಗ ಇನ್ನೊಂದರಲ್ಲಿ ಮುಂದಿನ ತಂಡದ ಡ್ರಮ್ಸ್ ಜೋಡಿಸುತ್ತಾರೆ. ಕೋಟೆಯ ಬೇರೆ ಮೂಲೆಗಳಲ್ಲಿ ಸಣ್ಣ ವೇದಿಕೆಗಳಿವೆ. ಡೆತ್‌ಕೋರ್ ಕೇಳಲು ಬಂದವರಿಗೆ ನಿಲ್ಲುವ ಜಾಗದ ಲೆಕ್ಕ ಉಳಿದವರಿಗಿಂತ ಮುಖ್ಯ. ಕಾರಣ ಇಷ್ಟೇ: ಮಾಮೂಲಿ ಗಿಟಾರಿನ ದಪ್ಪ ತಂತಿ 82 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಏಳು ತಂತಿಯ ಗಿಟಾರನ್ನು ಡ್ರಾಪ್ ಎ ಶ್ರುತಿಗೆ ಇಳಿಸಿದರೆ ಅದು 55 ಹರ್ಟ್ಸ್, ಎಂಟು ತಂತಿಯದನ್ನು ಡ್ರಾಪ್ ಇ ಶ್ರುತಿಗೆ ತಂದರೆ 41. ಅಷ್ಟು ತಗ್ಗಿನ ಸ್ವರದ ಒಂದು ಅಲೆಯ ಉದ್ದವೇ ಎಂಟು ಮೀಟರಿಗೂ ಮೇಲೆ. ಅಂಥ ಅಲೆ ಇಟ್ಟಿಗೆಯ ಗೋಡೆಗೆ ಬಡಿದು ಹಿಂತಿರುಗುತ್ತದೆ. ಗೋಡೆಗೆ ಒರಗಿ ನಿಂತವರಿಗೆ ಬರೀ ಗುಡುಗು ಕೇಳುತ್ತದೆ, ಗಿಟಾರಿನ ಬೆರಳ ಕೆಲಸ ಅದರಲ್ಲಿ ಮುಳುಗಿಹೋಗುತ್ತದೆ. ವೇದಿಕೆಗೆ ತೀರ ಹತ್ತಿರ ಹೋದರೆ ಮುಖ್ಯ ಸ್ಪೀಕರುಗಳ ಸದ್ದು ತಲೆಯ ಮೇಲಿಂದ ಹಾದುಹೋಗಿ ಕಾಲಡಿಯ ಸಬ್‌ವೂಫರ್, ಅಂದರೆ ಕೆಳಸ್ವರದ ಸ್ಪೀಕರ್, ಮಾತ್ರ ಎದೆಗೆ ಗುದ್ದುತ್ತದೆ. ಸೌಂಡ್ ಇಂಜಿನಿಯರ್ ಕೂತಿರುವ ಮಿಕ್ಸರ್ ಗೋಪುರದ ಮುಂದೆ, ನಾಲ್ಕೈದು ಹೆಜ್ಜೆ ಬಿಟ್ಟು, ನಡುಗೆರೆಯಿಂದ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಇಂಜಿನಿಯರ್ ಕೇಳಿ ಸರಿಮಾಡುವುದು ಹೆಚ್ಚುಕಡಿಮೆ ಅಲ್ಲಿ ಕೇಳುವ ಸದ್ದನ್ನೇ. ಎಡಬಲದ ಸಬ್‌ವೂಫರುಗಳ ಅಲೆ ಕೂಡುವ ನಟ್ಟನಡುವೆ ಮಾತ್ರ ಕೆಳಸ್ವರ ಊದಿಕೊಂಡಿರುತ್ತದೆ.

ಮೊದಲ ಎರಡು ಹಾಡು ಕೆಟ್ಟದಾಗಿ ಕೇಳಿದರೆ ತಂಡವನ್ನು ಬೈಯಬೇಡಿ. ಇಂಥ ಹಬ್ಬಗಳಲ್ಲಿ ಹೆಚ್ಚಿನ ತಂಡಗಳಿಗೆ ಪೂರ್ತಿ ಸೌಂಡ್‌ಚೆಕ್ ಇರುವುದಿಲ್ಲ. ಪ್ರತಿ ಮೈಕ್‌ನಿಂದ ಸಿಗ್ನಲ್ ಬರುತ್ತಿದೆಯೇ ಎಂದು ನೋಡುವ ಲೈನ್‌ಚೆಕ್ ಮಾತ್ರ. ಡೆತ್‌ಕೋರ್‌ನಲ್ಲಿ ಕಾಲಿನಿಂದ ಬಡಿಯುವ ಕಿಕ್ ಡ್ರಮ್‌ಗೆ ಟ್ರಿಗರ್ ಅಂಟಿಸಿರುತ್ತಾರೆ, ಅದು ಪೆಟ್ಟು ಗುರುತಿಸಿ ಮೊದಲೇ ಸಿದ್ಧಪಡಿಸಿದ ಸದ್ದು ಹೊರಡಿಸುವ ಸಾಧನ. ಪಾದ ಹಗುರಾಗಿ ಬಿದ್ದರೂ ಪ್ರತಿ ಪೆಟ್ಟೂ ಒಂದೇ ಬಲದಲ್ಲಿ ಹೊರಡುತ್ತದೆ. ನಿಮಿಷಕ್ಕೆ 200 ಬೀಟ್ ದಾಟಿದ ವೇಗದಲ್ಲಿ ಇದಿಲ್ಲದೆ ಕಿಕ್ ಕೇಳಿಸುವುದು ಕಷ್ಟ. ಅದರ ಮಟ್ಟ ಒಂದಿಷ್ಟು ಏರಿದರೆ ಉಳಿದೆಲ್ಲ ಟೈಪ್‌ರೈಟರಿನ ಕೆಳಗೆ ಸಿಕ್ಕಿದಂತಾಗುತ್ತದೆ. ಇನ್ನೊಂದು ಗಂಡಾಂತರ ಬಾಸ್ ಡ್ರಾಪ್. ಬ್ರೇಕ್‌ಡೌನ್ ಬೀಳುವ ಕ್ಷಣಕ್ಕೆ ಸರಿಯಾಗಿ, ಡ್ರಮ್ಮರ್ ಪ್ಯಾಡ್ ಬಡಿದಾಗಲೋ ಮೊದಲೇ ಧ್ವನಿಮುದ್ರಿಸಿದ ಟ್ರ್ಯಾಕಿನಿಂದಲೋ ಒಂದು ಕೆಳಸ್ವರ ಜಾರುತ್ತಾ ಕಿವಿಗೆ ನಿಲುಕದ ಆಳಕ್ಕಿಳಿಯುತ್ತದೆ. ಅದನ್ನು ಅತಿಯಾಗಿ ಏರಿಸಿದರೆ ಸ್ಪೀಕರ್ ಕಾಪಾಡಲು ಇಟ್ಟಿರುವ ಲಿಮಿಟರ್ ಇಡೀ ಮಿಕ್ಸನ್ನೇ ಅದುಮಿಬಿಡುತ್ತದೆ. ಹಾಡು ಅತ್ಯಂತ ಜೋರಾಗಬೇಕಾದ ಘಳಿಗೆಯಲ್ಲೇ ಗಿಟಾರು ಮಾಯ. ಹೆಡ್‌ಫೋನಿನಲ್ಲಿ ಅದ್ಭುತವಾಗಿದ್ದ ಬ್ರೇಕ್‌ಡೌನ್ ಮೈದಾನದಲ್ಲಿ ಸಪ್ಪೆಯೆನಿಸಿದರೆ ಕಾರಣ ಬಹುಪಾಲು ಇದೇ.

ಗಾಯಕರು ಮೈಕ್‌ನ ತಲೆಯನ್ನು ಅಂಗೈಯಿಂದ ಮುಚ್ಚಿ ಹಿಡಿಯುವುದೂ ಹೀಗೇ ಕಾಡುತ್ತದೆ. ಮೈಕ್ ಮುಂದಿನ ಸದ್ದನ್ನು ಮಾತ್ರ ಹಿಡಿಯುವಂತೆ ಮಾಡುವುದು ಅದರ ಹಿಂಬದಿಯ ರಂಧ್ರಗಳು. ಕೈ ಅವನ್ನು ಮುಚ್ಚಿದರೆ ಮೈಕ್ ಸುತ್ತಲಿನದೆಲ್ಲ ಎಳೆದುಕೊಳ್ಳುತ್ತದೆ, ಗಾಯಕರಿಗೆ ತಮ್ಮ ಧ್ವನಿ ಕೇಳಿಸಲು ಇಟ್ಟ ಮಾನಿಟರ್ ಸ್ಪೀಕರ್ ಎದುರಿದ್ದರೆ ಕೂಗು ಹಾಕುತ್ತದೆ, ಅಕ್ಷರಗಳು ಕೆಸರಾಗುತ್ತವೆ.

ಗಂಟಲಿನ ವಿಚಾರಕ್ಕೆ ಬಂದರೆ ಡೆತ್‌ಕೋರ್ ಮತ್ತೆ ಎದ್ದುನಿಂತ ಕಥೆಯೂ ಅಲ್ಲೇ ಇದೆ. ನ್ಯೂಜೆರ್ಸಿಯ ಲೋರ್ನಾ ಶೋರ್ 2021ರಲ್ಲಿ ವಿಲ್ ರಾಮೋಸ್ ಎಂಬ ಹೊಸ ಗಾಯಕನೊಂದಿಗೆ ‘ಟು ದ ಹೆಲ್‌ಫೈರ್’ ಹೊರತಂದಿತು. ಕೊನೆಯಲ್ಲಿ ಬರುವ ಆ ಮೃಗಸದ್ದು ಮನುಷ್ಯನ ಕಂಠದ್ದೇ ಎಂದು ಜನ ಬೆರಗಾಗಿ ಹಂಚಿಕೊಂಡರು, ಸಂಗೀತ ಶಿಕ್ಷಕರು ನೋಡಿ ವಿವರಿಸುವ ವಿಡಿಯೊಗಳು ಬಂದವು. ಮುಂದೆ ರಾಮೋಸ್ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಗಂಟಲೊಳಗೆ ಕ್ಯಾಮೆರಾ ಇಳಿಸಿಕೊಂಡು ಕೂಗಿ ತೋರಿಸಿದರು. ಕಂಡದ್ದೇನೆಂದರೆ, ನಾವು ಮಾತಾಡುವ ನಿಜ ಧ್ವನಿತಂತುಗಳ ಮೇಲಿರುವ ಹುಸಿ ಧ್ವನಿತಂತುಗಳು ಹಾಗೂ ಸುತ್ತಲಿನ ಅಂಗಾಂಶ ಒಟ್ಟಾಗಿ ಕಂಪಿಸಿ ಆ ಸದ್ದು ಹುಟ್ಟಿಸುತ್ತವೆ. ಬರೀ ಗಂಟಲು ಹಿಂಡಿ ಅನುಕರಿಸಲು ಹೋದವರ ಧ್ವನಿ ಎರಡು ದಿನದಲ್ಲಿ ಕೂತುಹೋಗುವುದೂ ಇದರಿಂದಲೇ. ಅವರು ಉಸಿರಿನ ಒತ್ತಡವನ್ನೆಲ್ಲ ನಿಜ ತಂತುಗಳ ಮೇಲೆಯೇ ಹೇರುತ್ತಾರೆ. ಡೇರೆಗಳ ಸಾಲಿನಲ್ಲಿ ರಾತ್ರಿಯೆಲ್ಲ ಅಭ್ಯಾಸ ಮಾಡುವ ಹುಡುಗರಿಗೆ ಇಷ್ಟು ಹೇಳಬೇಕು: ನೋವು ಬಂದರೆ ನಿಲ್ಲಿಸಿ.

2022ರ ‘ಪೇನ್ ರಿಮೇನ್ಸ್’ ಆಲ್ಬಮ್‌ನಲ್ಲಿ ಲೋರ್ನಾ ಶೋರ್ ಬ್ಲ್ಯಾಕ್ ಮೆಟಲ್‌ನ ವೇಗ, ವಾದ್ಯವೃಂದದ ಹರವು, ಅಗಲಿಕೆಯ ದುಃಖ ಎಲ್ಲವನ್ನೂ ಬ್ರೇಕ್‌ಡೌನ್ ಸುತ್ತ ಹೆಣೆಯಿತು. ನನ್ನ ಮಟ್ಟಿಗೆ ಈ ಸಂಗೀತ ಪ್ರಕಾರ ಬದುಕಿಕೊಂಡದ್ದು ಹೀಗೆ ಬೇರೆಡೆಯಿಂದ ರಕ್ತ ಪಡೆದದ್ದರಿಂದ. ಆದರೆ ದಾರಿ ಒಂದೇ ಅಲ್ಲ. ಸಾದಾ ಗಾಯನಕ್ಕೂ ಜಾಗ ಕೊಟ್ಟಿದ್ದ ವೈಟ್‌ಚಾಪೆಲ್ 2025ರ ಆಲ್ಬಮ್‌ನಲ್ಲಿ ತನ್ನ ಹಳೆಯ ಒರಟುತನಕ್ಕೆ ಮರಳಿತು. ರಷ್ಯಾದ ಯೆಕಟೆರಿನ್‌ಬರ್ಗ್‌ನಲ್ಲಿ ಹುಟ್ಟಿದ ಸ್ಲಾಟರ್ ಟು ಪ್ರಿವೇಲ್, ಸ್ವಿಟ್ಜರ್ಲೆಂಡ್‌ನ ಪೇಲ್‌ಫೇಸ್ ಸ್ವಿಸ್ ಬೇರೆಯೇ ಬಗೆಯ ಭಾರ ತಂದವು. ಸಿಂಫನಿಯ ಹೊದಿಕೆಯನ್ನೇ ಎಲ್ಲರೂ ನಕಲು ಮಾಡಿದರೆ 2010ರ ಸುಮಾರಿನ ಬೇಸರ ಮರಳುವುದು ಖಂಡಿತ. ಆ ಅಪಾಯ ಈಗಲೂ ಇದೆ.

ಮೈದಾನದಲ್ಲಿ ಗಮನಿಸಬೇಕಾದ ಗುರುತುಗಳು ಬೇರೆ. ಡೆತ್‌ಕೋರ್ ತಂಡ ಶುರುವಾಗುವ ಹತ್ತು ನಿಮಿಷ ಮೊದಲು ಮುಂದಿನ ಸಾಲಿನಲ್ಲಿ ಯಾರು ಜಾಗ ಹಿಡಿದಿದ್ದಾರೆ ನೋಡಿ: ಇಪ್ಪತ್ತರ ಆಸುಪಾಸಿನವರೇ, ಅಥವಾ ಮೈಸ್ಪೇಸ್ ಕಂಡವರೇ? ಮೂರನೇ ಹಾಡಿನ ಹೊತ್ತಿಗೆ ಜನ ಹಿಂದಕ್ಕೆ ಸೋರುತ್ತಿದ್ದಾರೆಯೇ? ಬ್ರೇಕ್‌ಡೌನ್‌ಗೆ ಮುಂಚಿನ ಮೌನದಲ್ಲಿ ಗಾಯಕ ಕೂಗುವ ಆ ಒಂದು ಸಾಲನ್ನು ಜೊತೆಗೆ ಎಷ್ಟು ಗಂಟಲು ಕೂಗುತ್ತವೆ? ಪೋಸ್ಟರುಗಳಿಂದಲೂ ತಿಳಿಯುತ್ತದೆ. ಹಬ್ಬದ ಹಳೆಯ ಪೋಸ್ಟರನ್ನೂ ಈ ವರ್ಷದ್ದನ್ನೂ ಅಕ್ಕಪಕ್ಕ ಇಟ್ಟು ಡೆತ್‌ಕೋರ್ ತಂಡಗಳ ಹೆಸರು ಎಷ್ಟನೇ ಸಾಲಿನಲ್ಲಿದೆ, ಅಕ್ಷರ ಎಷ್ಟು ದೊಡ್ಡದು ಎಂದು ಹೋಲಿಸಿ.

ಗುಂಪಿನೊಳಗೆ ಇಳಿಯುವವರು ಶೂ ಲೇಸಿಗೆ ಎರಡು ಗಂಟು ಹಾಕಬೇಕು, ಫೋನ್ ಜಿಪ್ ಇರುವ ಜೇಬಲ್ಲಿರಬೇಕು, ಕನ್ನಡಕ ಡೇರೆಯಲ್ಲಿರಬೇಕು. ಗಾಯಕ ಜನರನ್ನು ಎರಡು ಪಾಲು ಮಾಡಿ ನಡುವೆ ಓಣಿ ತೆರೆಸಿದರೆ ಅದು ವಾಲ್ ಆಫ್ ಡೆತ್, ಹಾಡು ಶುರುವಾದೊಡನೆ ಎರಡೂ ಪಾಲು ಎದುರುಬದುರಾಗಿ ಓಡಿಬಂದು ಡಿಕ್ಕಿ ಹೊಡೆಯುತ್ತವೆ. ಮೊದಲ ಸಾಲಿನಲ್ಲಿ ನಿಲ್ಲಬೇಡಿ, ಹಿಂದಿನವರ ಭಾರವೆಲ್ಲ ನಿಮ್ಮ ಮೇಲೆ. ಬಿದ್ದವರನ್ನು ಕೂಡಲೇ ಎತ್ತುವುದು ಇಲ್ಲಿನ ಅಲಿಖಿತ ಕಟ್ಟಳೆ, ಅದನ್ನು ಎಲ್ಲರೂ ಪಾಲಿಸುತ್ತಾರೆ. ಹಾರ್ಡ್‌ಕೋರ್ ಶೈಲಿಯಲ್ಲಿ ಕೈಕಾಲು ಬೀಸುವವರ ಅಂಚಿನಲ್ಲಿ ನಿಂತವರಿಗೇ ಹೆಚ್ಚು ಪೆಟ್ಟು. ಒಳಗಿರಿ, ಇಲ್ಲವೇ ಪೂರ್ತಿ ದೂರ ಸರಿಯಿರಿ.

ಕಿವಿಗೆ ಪ್ಲಗ್ ಕಡ್ಡಾಯ. 100 ಡೆಸಿಬೆಲ್ ಸದ್ದಿಗೆ ಸುರಕ್ಷಿತ ಅವಧಿ ದಿನಕ್ಕೆ 15 ನಿಮಿಷ, ಪ್ರತಿ 3 ಡೆಸಿಬೆಲ್ ಏರಿದಾಗಲೂ ಅದು ಅರ್ಧವಾಗುತ್ತದೆ. ಅಗ್ಗದ ಸ್ಪಂಜಿನ ಪ್ಲಗ್ ಮೇಲಿನ ಸ್ವರಗಳನ್ನು ಹೆಚ್ಚು ತಿನ್ನುತ್ತದೆ, ಮೊದಲೇ ಕೆಸರಾದ ಡೆತ್‌ಕೋರ್ ಇನ್ನೂ ಕಲಸಿಹೋಗುತ್ತದೆ. ಫಿಲ್ಟರ್ ಇರುವ ಸಂಗೀತಗಾರರ ಪ್ಲಗ್ ಕೊಳ್ಳಿ. ಸ್ಪಂಜಿನದೇ ಇದ್ದರೆ ಬತ್ತಿಯಂತೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯ ಮೇಲ್ತುದಿಯನ್ನು ಹಿಂದಕ್ಕೆಳೆದು ತೂರಿಸಿ, ಅರ್ಧ ನಿಮಿಷ ಬೆರಳಿಂದ ಒತ್ತಿ ಹಿಡಿಯಿರಿ. ಅರ್ಧಂಬರ್ಧ ತೂರಿಸಿದರೆ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ.

ಹೊಟ್ಟೆಪಾಡಿಗೆ ತೊಂದರೆಯಿಲ್ಲ. ಲಾಂಗೋಶ್ ಎಂದರೆ ಬೆಳ್ಳುಳ್ಳಿ ಸವರಿ ಚೀಸ್ ಉದುರಿಸಿದ, ನಮ್ಮ ಭಟೂರೆಯನ್ನು ನೆನಪಿಸುವ ಕರಿದ ರೊಟ್ಟಿ. ಬ್ರಾಂಬೊರಾಕ್ ಎಂಬ ಆಲೂಗಡ್ಡೆ ದೋಸೆಗೆ ಮೊಟ್ಟೆ ಬಿದ್ದಿರುತ್ತದೆ, ಶುದ್ಧ ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ಹಗಲು 30 ಡಿಗ್ರಿ ದಾಟಿದ ದಿನವೂ ಬೆಳಗಿನ ಜಾವ ಡೇರೆಯೊಳಗೆ ಗದಗುಟ್ಟುತ್ತದೆ. ಮಳೆ ಬಂದರೆ ನೆಲ ಅರ್ಧ ಗಂಟೆಯಲ್ಲಿ ಕೆಸರು, ಬಾರದಿದ್ದರೆ ಧೂಳು. ಎರಡಕ್ಕೂ ಒಂದು ಟವೆಲ್ ಮುಖಕ್ಕೆ ಕಟ್ಟಲು, ಒಂದು ಜೊತೆ ಗಟ್ಟಿ ಬೂಟು ಕಾಲಿಗೆ.

ಬೆಂಗಳೂರಿಗೆ ಮೆಟಲ್ ಹೊಸದೇನಲ್ಲ. 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದ್ದು, 2012ರಿಂದ ಬ್ಯಾಂಗಲೋರ್ ಓಪನ್ ಏರ್ ನಡೆದದ್ದು, ನಮ್ಮ ಕ್ರಿಪ್ಟಾಸ್ ತಂಡ 2013ರಲ್ಲಿ ಜರ್ಮನಿಯ ವಾಕೆನ್ ಹಬ್ಬದ ವೇದಿಕೆ ಹತ್ತಿದ್ದು ಎಲ್ಲರಿಗೂ ಗೊತ್ತು. ಬೆಂಗಳೂರಿನಿಂದ ಯೋಸೆಫೊವ್‌ಗೆ ಹೊರಡುವವರಿಗೆ ಷೆಂಗನ್ ವೀಸಾ ಬೇಕು. ಅರ್ಜಿಯನ್ನು ಆರು ತಿಂಗಳು ಮುಂಚಿನಿಂದ ಹಾಕಬಹುದು, ಕನಿಷ್ಠ 15 ದಿನ ಮುಂಚೆ ಹಾಕಲೇಬೇಕು. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ಏಪ್ರಿಲ್‌ನಲ್ಲೇ ಶುರುಮಾಡಿ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಇರಬೇಕು. ಡೇರೆಯಲ್ಲಿ ಮಲಗುವ ದಿನಗಳಿಗೆ ಹೋಟೆಲ್ ರಸೀದಿ ಇರುವುದಿಲ್ಲವಾದ್ದರಿಂದ ಹಬ್ಬದ ಟಿಕೆಟ್ಟನ್ನೂ ಕ್ಯಾಂಪಿಂಗ್ ಟಿಕೆಟ್ಟನ್ನೂ ಒಂದು ವಿವರಣೆ ಪತ್ರದ ಜೊತೆ ಲಗತ್ತಿಸಿ. ನೇರ ವಿಮಾನವಿಲ್ಲ, ದುಬೈ ಅಥವಾ ಜರ್ಮನಿಯಲ್ಲಿ ಬದಲಿಸಬೇಕು. ಪ್ರಾಗ್ ವಿಮಾನ ನಿಲ್ದಾಣದಿಂದ ಮುಖ್ಯ ರೈಲು ನಿಲ್ದಾಣಕ್ಕೆ ನೇರ ಬಸ್ಸಿದೆ.

ಕೊನೆಯ ರಾತ್ರಿ ಮುಗಿದ ಬೆಳಿಗ್ಗೆ ಪ್ರಾಗ್ ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅವಸರವಿಲ್ಲದವರು ಮಧ್ಯಾಹ್ನದವರೆಗೆ ತಡೆದು ಹೊರಡಲಿ. ಅವಸರವಿದ್ದವರು ಹ್ರಾದೆಟ್ಸ್ ಕ್ರಾಲೊವೆಯಲ್ಲಿ ಇಳಿದು ಪಾರ್ದುಬಿಟ್ಸೆಗೆ ಹೋಗುವ ರೈಲು ಹಿಡಿಯಲಿ. ಅಲ್ಲಿಂದ ಪ್ರಾಗ್‌ಗೆ ವೇಗದ ರೈಲುಗಳು ಮೇಲಿಂದ ಮೇಲೆ ಸಿಗುತ್ತವೆ, ಡೇರೆ ಇಡಲೂ ಜಾಗವಿರುತ್ತದೆ.